ಹಡಗು ಹೊರಡುವ ತನಕ ದುಬ್ರೊವ್ನಿಕ್

ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ನಮಗೆ ಏನಾದರೊಂದು ಆಗಿಯೇ ತೀರುತ್ತದೆ. ಬೇರೆಯವರು ಪ್ರವಾಸದಿಂದ ಫೋಟೋ ತರುತ್ತಾರೆ, ನಾವು ಫಜೀತಿ ತರುತ್ತೇವೆ. ಹೋದ ವರ್ಷ ಹಡಗಿನಲ್ಲಿ ಯುರೋಪು ಸುತ್ತಿ ಬಂದ ಮೇಲೆ ಈ ವಿಷಯದಲ್ಲಿ ನನಗಿದ್ದ ಅಲ್ಪಸ್ವಲ್ಪ ಅನುಮಾನವೂ ಹೋಯಿತು.

ನಾನು, ನಮ್ಮವರು ಮೈಸೂರಿನವರು. ಕೆಲಸ ಮಸ್ಕತ್‌ನಲ್ಲಿ, ಮನೆ ಅಲ್ ಖೌದ್‌ನಲ್ಲಿ. ಎದುರು ಫ್ಲ್ಯಾಟಿನವರು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಆ ಮನೆಯಾಕೆಯನ್ನು ನಾವು ಬಾಯಮ್ಮ ಎನ್ನುತ್ತೇವೆ. ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಮಲಯಾಳಿ, ಬಂಗಾಳಿ, ಅರಬ್ಬಿ ರೋಗಿಗಳನ್ನೆಲ್ಲ ಅವರವರ ಭಾಷೆಯಲ್ಲೇ ಗದರಿಸಿ ಸಾಲಿನಲ್ಲಿ ನಿಲ್ಲಿಸುವ ಹೆಂಗಸು. ನನಗೆ ಅವರ ಮೇಲಿರುವುದು ಭಕ್ತಿ ಎಂದೇ ಹೇಳಬೇಕು.

ಚಳಿಗಾಲ ಬಂತೆಂದರೆ ಮಸ್ಕತ್‌ನ ಮತ್ರಾ ಬಂದರಿಗೆ ದೊಡ್ಡ ದೊಡ್ಡ ಪ್ರವಾಸಿ ಹಡಗುಗಳು ಬರುತ್ತವೆ. ಅವುಗಳಿಂದ ಇಳಿದ ಬಿಳಿಯರು ಚಡ್ಡಿ, ಟೋಪಿ ಹಾಕಿಕೊಂಡು, ಬಿಸಿಲಿಗೆ ಕೆಂಪಗಾಗಿ, ಸೂಕ್ ಎನ್ನುವ ಹಳೇ ಬಜಾರಿನ ಗಲ್ಲಿಗಳಲ್ಲಿ ದಾರಿ ತಪ್ಪಿ ಅಲೆಯುವುದನ್ನು ನೋಡಿ ನಗುವುದು ನಮ್ಮ ಶುಕ್ರವಾರದ ರೂಢಿ. ಹೀಗೆ ನಗುತ್ತಿದ್ದಾಗ ಒಂದು ದಿನ ಬಾಯಮ್ಮ ಹೇಳಿದರು, "ಅವ್ರು ಬಂದು ನಮ್ಮ ಊರು ನೋಡ್ತಾರೆ. ನಾವೂ ಹೋಗಿ ಅವ್ರ ಊರು ನೋಡುವ. ಅವ್ರಿಗೂ ಸ್ವಲ್ಪ ನಗ್ಲಿಕ್ಕೆ ಸಿಗ್ಲಿ."

ಅವರ ಯಜಮಾನರಿಗೆ ರಜೆ ಸಿಗಲಿಲ್ಲ. ಹೊರಟವರು ನಾವು ಮೂವರು.

ನಡೆಯುವ ಅಭ್ಯಾಸ

"ದಾರಿಯಲ್ಲಿ ದುಬ್ರೊವ್ನಿಕ್ ಅಂತ ಕೋಟೆಯ ಊರು ಸಿಗ್ತದೆ. ಅಲ್ಲಿ ಹಳೇ ಊರಿನ ಒಳಗೆ ಕಾರು ಬಿಡ್ಲಿಕ್ಕಿಲ್ಲ. ಎಲ್ಲಾ ಮೆಟ್ಲೇ. ಈಗ್ಲೇ ನಡೆದು ಅಭ್ಯಾಸ ಮಾಡಿ" ಎಂದು ಬಾಯಮ್ಮ ಎಚ್ಚರಿಸಿದರು. ಮಸ್ಕತ್‌ನವರಿಗೆ ಕಾಲು ಇರುವುದು ಬ್ರೇಕ್ ಒತ್ತಲಿಕ್ಕೆ. ನಮ್ಮವರಂತೂ ಕೆಳಗಿನ ಚಹಾ ಅಂಗಡಿಗೂ ಕಾರಿನಲ್ಲೇ ಹೋಗಿ, ಹಾರ್ನ್ ಹೊಡೆದು, ಕೂತಲ್ಲಿಗೇ ಕರಕ್ ಚಹಾ ತರಿಸಿಕೊಳ್ಳುವ ಪೈಕಿ.

ಮೊದಲ ಸಂಜೆ ಬೂಟು ಕಟ್ಟಿ ಇಬ್ಬರೂ ಬೀದಿಗಿಳಿದೆವು. ಮೊದಲ ತಿರುವಿನಲ್ಲೇ ಆಫೀಸಿನ ಸಹೋದ್ಯೋಗಿಯ ಕಾರು ನಿಂತಿತು. "ಏನ್ ಸಾರ್, ಗಾಡಿ ಗ್ಯಾರೇಜಲ್ಲಾ? ಹತ್ತಿ, ಹತ್ತಿ." ವಾಕಿಂಗ್ ಎಂದರೆ ನಂಬಲಿಲ್ಲ, ಸಂಕೋಚಕ್ಕೆ ಹೇಳುತ್ತಿದ್ದಾರೆಂದು ತಿಳಿದು ಮನೆ ಬಾಗಿಲಿಗೆ ತಂದು ಬಿಟ್ಟರು. ಮರುದಿನ ಬೇರೆ ದಾರಿ ಹಿಡಿದೆವು. ಒಬ್ಬ ಒಮಾನಿ ಹಿರಿಯರು ಗಾಡಿ ನಿಲ್ಲಿಸಿ, ಬಾಗಿಲು ತೆರೆದು, "ಯಲ್ಲಾ, ಯಲ್ಲಾ" ಎಂದರು. ಈ ಸೆಕೆಯಲ್ಲಿ ಇಬ್ಬರನ್ನು ರಸ್ತೆಯಲ್ಲಿ ಬಿಟ್ಟು ಹೋಗಲು ಅವರ ಮನಸ್ಸು ಒಪ್ಪಲಿಲ್ಲ. ಅವರು ಹೋಗುತ್ತಿದ್ದದ್ದು ಅಲ್ ಮವಾಲೇಹ್ ತರಕಾರಿ ಮಾರ್ಕೆಟ್ಟಿಗೆ. ನಾವೂ ಹೋಗಿ ಒಂದು ಪೆಟ್ಟಿಗೆ ಟೊಮೆಟೊ ತಂದೆವು.

ಎಂಥ ಒಳ್ಳೆಯ ಜನರ ನಡುವೆ ಬದುಕಿದ್ದೇವೆ ಎಂದು ಆ ತಿಂಗಳು ಮನಸ್ಸು ತುಂಬಿ ಬಂತು. ಅಭ್ಯಾಸ ಮುಗಿಯುವ ಹೊತ್ತಿಗೆ ನಮ್ಮವರ ತೂಕ ಎರಡು ಕಿಲೋ ಏರಿತ್ತು.

ಸಮಯಕ್ಕೆ ಸರಿಯಾಗಿ

ಇಟಲಿಯಲ್ಲಿ ಹಡಗು ಹತ್ತಿದ ಕೂಡಲೇ ಅಲ್ಲಿನ ಆಫೀಸಿನವರು ನಮ್ಮ ಪಾಸ್‌ಪೋರ್ಟು ತೆಗೆದುಕೊಂಡು, ಕೊನೆಯ ದಿನ ಕೊಡುತ್ತೇವೆ ಎಂದರು. ಬಾಯಮ್ಮನ ಮುಖ ಸಣ್ಣದಾಯಿತು. "ವೀಸಾ ಕೊಟ್ಟ ಧಣಿ, ನನ್ನ ಕಫೀಲ್ ಕೇಳಿದ್ರೂ ಕೊಡ್ಲಿಲ್ಲ ಮಾರಾಯ್ರೆ. ಇವ್ರಿಗೆ ಕೊಟ್ಟೆವಲ್ಲ."

ದುಬ್ರೊವ್ನಿಕ್‌ನಲ್ಲಿ ಹಡಗು ನಿಲ್ಲುವುದು ಒಂದೇ ಹಗಲು. ಹಡಗಿನ ಟೂರಿಗೆ ಸೇರಿದವರ ಎದೆಗೆ ಒಂದು ದುಂಡನೆಯ ಸ್ಟಿಕ್ಕರ್ ಅಂಟಿಸಿ, ಗೈಡಿನ ಹಿಂದೆ ಕಳಿಸುತ್ತಿದ್ದರು. ನಮ್ಮವರಿಗೆ ಅದು ಹಿಡಿಸಲಿಲ್ಲ. "ಕುರಿಮಂದೆ ಥರ ಯಾರು ಹೋಗ್ತಾರೆ? ನಾವೇ ನೋಡ್ಕೊಂಡು ಬರ್ತೀವಿ" ಎಂದು ಕೌಂಟರಿನ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದರು.

ಅವಳು ನಗುನಗುತ್ತ ವಿವರಿಸಿದಳು. ಹಡಗಿನ ಟೂರಿಗೆ ಸೇರಿದವರು ತಡವಾದರೆ ಹಡಗು ಕಾಯುತ್ತದೆ. ಸ್ವಂತ ಹೋದವರಿಗೆ ಕಾಯುವುದಿಲ್ಲ. ಅವರು ಹೇಗಾದರೂ ಮಾಡಿ ಮುಂದಿನ ಊರಿಗೆ ಬಂದು ಹತ್ತಿಕೊಳ್ಳಬೇಕು.

"ನಮ್ಮ ಪಾಸ್‌ಪೋರ್ಟು?" ಎಂದರು ನಮ್ಮವರು.

"ಚಿಂತೆ ಬೇಡ ಸರ್. ಅದು ಸಮಯಕ್ಕೆ ಸರಿಯಾಗಿ ಮುಂದಿನ ಊರು ತಲುಪುತ್ತದೆ."

ಬಾಗಿಲ ಮುಂದೆ ಎರಡು ಜೊತೆ

ಊರು ಮಾತ್ರ ಏನು ಹೇಳಲಿ. ಸುತ್ತ ಕೋಟೆ, ಆಚೆ ನೀಲಿ ಕಡಲು, ಒಳಗೆ ಕಲ್ಲಿನದೇ ಮನೆ, ಕಲ್ಲಿನದೇ ಬೀದಿ. ಶತಮಾನಗಟ್ಟಲೆ ಜನ ನಡೆದು ನಡೆದು ಬೀದಿಯ ಕಲ್ಲು ನಮ್ಮೂರ ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿದೆ. ಎಲ್ಲೂ ಒಂದು ಹಾರ್ನ್ ಇಲ್ಲ. ಮೇಲೆ ನೋಡಿದರೆ ಗಲ್ಲಿಯ ಈ ಕಿಟಕಿಯಿಂದ ಆ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾರೆ. ಇಷ್ಟು ಹಳೆಯ ಊರಿನಲ್ಲಿ ಜನ ಇನ್ನೂ ಅನ್ನ ಬೇಯಿಸಿಕೊಂಡು ಇದ್ದಾರಲ್ಲ ಎಂದು ನಾನು ಮೇಲೆ ನೋಡುತ್ತಲೇ ನಡೆದೆ.

ಒಂದು ಪುಟ್ಟ ಚರ್ಚು ಕಂಡಿತು. ಬಾಯಮ್ಮ ಸೀದಾ ಒಳಗೆ ಹೋಗಿ ಮಂಡಿಯೂರಿದರು. ನಾನೂ ನಮ್ಮವರೂ ರೂಢಿಯಂತೆ ಚಪ್ಪಲಿ ಬಿಚ್ಚಿ, ಗೋಡೆಗೆ ಒತ್ತಿಟ್ಟು, ಒಳಗೆ ಹೋಗಿ ಕೂತೆವು. ಎಂಥ ತಂಪು, ಎಂಥ ಮೌನ. ಕಣ್ಣು ಮುಚ್ಚಿದವಳು ತೆರೆಯುವಷ್ಟರಲ್ಲಿ ಒಂದು ಪ್ರವಾಸಿ ಗುಂಪು ಒಳಗೆ ಬಂದಿತ್ತು. ಎಲ್ಲರೂ ಬರೀ ಕಾಲ್ಚೀಲದಲ್ಲಿದ್ದರು.

ಹೊರಗೆ ಬಂದರೆ ನಮ್ಮ ಎರಡು ಜೊತೆಯ ಪಕ್ಕದಲ್ಲಿ ಬೂಟುಗಳ ಉದ್ದನೆಯ ಸಾಲು. ನಮ್ಮದನ್ನು ನೋಡಿ, ಇಲ್ಲಿಯ ನಿಯಮವೇ ಹೀಗೆಂದು ತಿಳಿದು, ಪಾಪ, ಎಲ್ಲರೂ ಬಿಚ್ಚಿದ್ದರು. ಬಾಯಮ್ಮ ತಲೆ ಚಚ್ಚಿಕೊಂಡರು. "ಇಲ್ಲಿ ಬಿಚ್ಚುವ ಕ್ರಮ ಇಲ್ಲ ಮಾರಾಯ್ರೆ. ಬೇಗ ಹಾಕಿ, ಹೋಗುವ."

ಬಾಗಿಲು ನೋಡಿಕೊಳ್ಳುವ ಮುದುಕರೊಬ್ಬರು ಊಟ ಮುಗಿಸಿ ಬಂದವರು ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಸ್ವಲ್ಪ ಯೋಚಿಸಿದರು. ಆಮೇಲೆ ಬಗ್ಗಿ ತಮ್ಮ ಬೂಟನ್ನೂ ಬಿಚ್ಚಿದರು.

ಮತ್ರಾ ಕೋಟೆ

ಮೆಟ್ಟಿಲ ಗಲ್ಲಿಯೊಂದರಲ್ಲಿ ಉಸಿರು ಹಿಡಿಯುತ್ತ ನಿಂತಿದ್ದೆವು. ಬಟ್ಟೆ ಮಡಿಸುತ್ತಿದ್ದ ಅಜ್ಜಿ ಒಬ್ಬರು ಒಳಗೆ ಕರೆದು ನೀರು ಕೊಟ್ಟರು. ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು ಕೊಟ್ಟು ಅವರಿಗೆ ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು. ಎಲ್ಲಿಯವರು ಎಂದರು. ಮಸ್ಕತ್ ಎಂದೆವು.

ಅಜ್ಜಿಯ ಮುಖ ಅರಳಿತು. ಅವರ ಗಂಡ ಹಡಗಿನ ನಾವಿಕರಂತೆ. ಮತ್ರಾಕ್ಕೆ ಬಂದಿದ್ದರಂತೆ. ಬಂದರಿನ ಮೇಲೆ ಬಂಡೆಯ ತುದಿಯಲ್ಲಿ ಒಂದು ಕೋಟೆ ಇದೆ, ನಮ್ಮೂರಿನ ನೆನಪಾಯಿತು ಎಂದು ಸಾಯುವ ತನಕ ಹೇಳುತ್ತಿದ್ದರಂತೆ. "ಅದರ ಮೇಲೆ ನಿಂತರೆ ಏನು ಕಾಣುತ್ತದೆ?" ಎಂದು ನಮ್ಮ ಎದುರು ಕುರ್ಚಿ ಎಳೆದುಕೊಂಡು ಕೂತರು.

ನಾನು ನಮ್ಮವರ ಮುಖ ನೋಡಿದೆ, ಅವರು ಬಾಯಮ್ಮನ ಮುಖ ನೋಡಿದರು. ಆ ಕೋಟೆಯನ್ನು ನಮ್ಮಲ್ಲಿ ಯಾರೂ ಹತ್ತಿರಲಿಲ್ಲ.

"ಎಷ್ಟು ಕಾಲದಿಂದ ಅಲ್ಲಿದ್ದೀರಿ?"

"ಹದಿನಾಲ್ಕು ವರ್ಷ."

"ಮತ್ರಾಕ್ಕೆ ಹೋಗುವುದೇ ಇಲ್ಲವೇ?"

"ಪ್ರತಿ ಶುಕ್ರವಾರ ಹೋಗ್ತೀವಿ" ಎಂದರು ನಮ್ಮವರು.

"ಮತ್ತೆ ಅಲ್ಲಿ ಏನು ಮಾಡುತ್ತೀರಿ?"

"ಪಾರ್ಕಿಂಗ್ ಹುಡುಕ್ತೀವಿ."

ದುಂಡನೆಯ ಸ್ಟಿಕ್ಕರ್

ಅಜ್ಜಿಯ ಮನೆಯಿಂದ ಹೊರಟವರು ದಾರಿ ತಪ್ಪಿದೆವು. ಎಲ್ಲ ಗಲ್ಲಿಯಲ್ಲೂ ಅದೇ ಮೆಟ್ಟಿಲು, ಅದೇ ಹೂಕುಂಡ, ಅದೇ ಬೆಕ್ಕು. ಫೋನಿನ ನಕ್ಷೆ ಆ ಕಲ್ಲುಗೋಡೆಗಳ ನಡುವೆ ಗಿರಗಿರ ತಿರುಗಿತು. ಬಂದರಿಗೆ ಹೋಗಲು ಕೋಟೆ ಬಾಗಿಲಾಚೆ ಬಸ್ಸು ಹಿಡಿಯಬೇಕು. ಬಾಗಿಲು ಎಲ್ಲಿದೆಯೋ ಗೊತ್ತಿಲ್ಲ. ನಮ್ಮವರು "ಪಾಸ್‌ಪೋರ್ಟು, ಪಾಸ್‌ಪೋರ್ಟು" ಎಂದು ಜಪ ಮಾಡತೊಡಗಿದರು.

ಒಂದು ತಿರುವಿನಲ್ಲಿ ಕೋಟು ಹಾಕಿದ ಬಿಳಿಯ ಅಜ್ಜ ಒಬ್ಬರೇ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದರು. ಎದೆಯ ಮೇಲೆ ನಮ್ಮ ಹಡಗಿನ ದುಂಡನೆಯ ಸ್ಟಿಕ್ಕರ್. ಬಾಯಮ್ಮ ಹೋದವರೇ ಅವರ ಕೈ ಹಿಡಿದುಕೊಂಡರು. ನಮಗೆ ಕನ್ನಡದಲ್ಲಿ ಹೇಳಿದರು, "ಖಲಾಸ್. ಇನ್ನು ಹೆದ್ರಿಕೆ ಇಲ್ಲ. ಇವ್ರು ಟೂರಿನವ್ರು, ಗುಂಪು ತಪ್ಪಿದ್ದಾರೆ. ಇವ್ರನ್ನು ಬಿಟ್ಟು ಹಡಗು ಹೊರಡ್ಲಿಕ್ಕಿಲ್ಲ. ಇವ್ರ ಕೈ ಬಿಡದಿದ್ರೆ ಆಯ್ತು."

ಆ ಹೊತ್ತಿನಲ್ಲಿ ಇಂಥ ಬುದ್ಧಿ ಹೊಳೆಯಿತಲ್ಲ ಎಂದು ಅವರ ಕಾಲಿಗೆ ಬೀಳಬೇಕೆನಿಸಿತು.

ಆಮೇಲೆ ನಮ್ಮ ನಡಿಗೆಯೇ ಬದಲಾಯಿತು. ಅಜ್ಜನನ್ನು ಮೆಲ್ಲಗೆ ಇಳಿಸಿಕೊಂಡು, ಸಿಕ್ಕವರನ್ನು ಕೇಳುತ್ತ ದೊಡ್ಡ ಬೀದಿಗೆ ಬಂದೆವು. ಐಸ್‌ಕ್ರೀಂ ಕೊಡಿಸಿದೆವು. ಸಂಜೆ ಬಿಸಿಲಿಗೆ ಕಲ್ಲುಬೀದಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ನಿಂತು ಫೋಟೋ ತೆಗೆದುಕೊಂಡೆವು. ಬಸ್ಸು ಬಂತು, ಸೀಟು ಇರಲಿಲ್ಲ. ಅಜ್ಜನನ್ನು ನಿಲ್ಲಿಸಿಕೊಂಡು ಹೋಗುವುದು ಬೇಡವೆಂದು ಅದನ್ನೂ ಬಿಟ್ಟೆವು. ಅಜ್ಜ ಒಂದೆರಡು ಸಲ ಗಡಿಯಾರ ನೋಡಿಕೊಂಡರು. "ನೋ ಹರಿ, ನೋ ಹರಿ" ಎಂದು ಬಾಯಮ್ಮ ಬೆನ್ನು ತಟ್ಟಿದರು. ಅವರಿಗೂ ಸಮಾಧಾನವಾದಂತೆ ಕಂಡಿತು.

ಬಂದರಿನಲ್ಲಿ ಹಡಗು ಹತ್ತುವ ಸೇತುವೆಯ ಹತ್ತಿರ ಸಿಬ್ಬಂದಿಯ ಇಬ್ಬರು ಕೈ ಬೀಸಿ ಕೂಗುತ್ತಿದ್ದರು. ನಾವು ಗಾಂಭೀರ್ಯದಿಂದ ನಡೆದು ಹೋಗಿ ಹತ್ತಿದೆವು. ಹಿಂದೆಯೇ ಸೇತುವೆ ಎಳೆದುಕೊಂಡು, ಬಾಗಿಲು ಹಾಕಿ, ಹಡಗು ಕೊಂಬು ಊದಿತು.

ಒಳಗಿದ್ದ ಅಧಿಕಾರಿಗೆ ನಮ್ಮವರು ಹೆಮ್ಮೆಯಿಂದ ಹೇಳಿದರು, "ತಪ್ಪಿಸಿಕೊಂಡಿದ್ದ ನಿಮ್ಮ ಟೂರಿನವರನ್ನು ಕರೆತಂದಿದ್ದೇವೆ. ಇವರಿಗಾಗಿಯೇ ಕಾಯುತ್ತಿದ್ದಿರಲ್ಲವೇ?"

ಅಧಿಕಾರಿ ಕಂಪ್ಯೂಟರ್ ನೋಡಿ ಹೇಳಿದ, "ಟೂರಿನವರೆಲ್ಲ ಬಂದು ಬಹಳ ಹೊತ್ತಾಯಿತು ಸರ್. ನಾವು ಯಾರಿಗೂ ಕಾಯುತ್ತಿರಲಿಲ್ಲ. ಇನ್ನೊಂದು ನಿಮಿಷವಾಗಿದ್ದರೆ ಹೊರಟಿರುತ್ತಿದ್ದೆವು."

ಅಜ್ಜ ಬಗ್ಗಿ ತಮ್ಮ ಎದೆ ನೋಡಿಕೊಂಡರು. "ಓ, ಇದು ನಿನ್ನೆಯ ಊರಿನ ಟೂರಿನದು. ಕೀಳಲು ಮರೆತಿದ್ದೆ. ಇವತ್ತು ನಾನೂ ಸ್ವಂತವಾಗಿ ಹೋಗಿ ದಾರಿ ತಪ್ಪಿದ್ದೆ. ನೀವು ಮೂವರು ಅಷ್ಟು ನಿಶ್ಚಿಂತೆಯಿಂದ ಇದ್ದದ್ದು ನೋಡಿ, ನೀವು ಹಡಗಿನ ಸಿಬ್ಬಂದಿ ಎಂದುಕೊಂಡೆ."

ಅಲ್ಲಿಯವರೆಗೂ ಹಿಡಿದೇ ಇದ್ದ ಅಜ್ಜನ ಕೈಯನ್ನು ಬಾಯಮ್ಮ ಆಗ ಬಿಟ್ಟರು. ಬಿಟ್ಟು, ಅಲ್ಲೇ ನೆಲದ ಮೇಲೆ ಕೂತರು.