ನನ್ನ ಸಿಂಹಾಸನದಲ್ಲಿ ಕುಳಿತ ಅಮೀನಸಾಹೇಬರಿಗೆ

ಮುತ್ತಲಗುಂಡಿ, ಯಲಬುರ್ಗಾ ತಾಲೂಕು
ಫಸಲಿ ೧೩೫೨, ಯುಗಾದಿ ಕಳೆದ ಹದಿನಾಲ್ಕನೆಯ ದಿನ

ಮಾನ್ಯರೇ,

ನಮ್ಮ ಠಾಣೆಯ ಅಮೀನರೂ, ಬಿಳಿ ಕುದುರೆಯ ಒಡೆಯರೂ, ಹನ್ನೆರಡು ಹಳ್ಳಿಗಳ ಕಳ್ಳರ ಕನಸಿನಲ್ಲಿಯೂ ತಪ್ಪದೆ ಗಸ್ತು ತಿರುಗುವವರೂ ಆದ ತಮ್ಮ ಸನ್ನಿಧಾನಕ್ಕೆ ಬಡಗಿ ಗಿಡ್ಡಪ್ಪನು ಹೆಗಲ ವಲ್ಲಿಯನ್ನು ಸೊಂಟಕ್ಕೆ ಬಿಗಿದುಕೊಂಡು ಮಾಡುವ ಸಾವಿರ ಸಲಾಮುಗಳು. ತಾವೂ, ತಮ್ಮ ಕುದುರೆಯೂ, ತಮ್ಮ ಕೆಂಪು ಪೆನ್ಸಿಲೂ ಕ್ಷೇಮವೆಂದು ನಂಬಿದ್ದೇನೆ. ನಾವು ಇಲ್ಲಿ ಹತ್ತು ದಿನಗಳಿಂದ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು ಓಡಾಡುತ್ತಿದ್ದೇವೆ. ಅದಕ್ಕೆ ಕ್ಷೇಮವೆನ್ನುವುದಾದರೆ ನಾವೂ ಕ್ಷೇಮ. ನನ್ನ ಕನ್ನಡವು ಇಪ್ಪತ್ತು ವರ್ಷ ಬಯಲಾಟದ ಪ್ರತಿಗಳನ್ನು ನಕಲು ಮಾಡಿ ಕಲಿತದ್ದು, ಆದ್ದರಿಂದ ನಡುನಡುವೆ ಕಿರೀಟ ಇಟ್ಟುಕೊಂಡು ಮಾತಾಡಿದರೆ ತಾವು ಮನ್ನಿಸಬೇಕು. ಈ ಪತ್ರವನ್ನು ಟಪಾಲಿಗೆ ಹಾಕದೆ ಚಾವಡಿಯ ಗೋಡೆಗೆ ಅಂಟಿಸಿದ್ದೇನೆ, ಏಕೆಂದರೆ ಟಪಾಲಿಗೆ ಹಾಕಿದ ನನ್ನ ಹಿಂದಿನ ಮೂರು ಅರ್ಜಿಗಳು ತಮ್ಮನ್ನು ಇನ್ನೂ ಹುಡುಕುತ್ತಲೇ ಇವೆ.

ತಮ್ಮ ನೋಟೀಸು ತಲುಪಿತು. "ಮನಾಯಿ ಮಾಡಿ ನಿಷೇಧಿಸಲಾಗಿದ್ದ ರಾಜನ ಪಾತ್ರವನ್ನು ಮಾಡಿದ ಇಸಮನ್ನು ಎಂಟು ದಿವಸದೊಳಗೆ ಠಾಣೆಗೆ ಹಾಜರುಪಡಿಸತಕ್ಕದ್ದು" ಎಂದು ಅದರಲ್ಲಿ ಅಪ್ಪಣೆಯಾಗಿದೆ. ಈ ಸಲ ರಾಜ ಬಹಳ ಚೆನ್ನಾಗಿ ಮಾಡಿದನೆಂಬ ಸಂತೆಯ ಮಾತು ತಮ್ಮ ಕಿವಿಗೂ ಬಿದ್ದಿರಬೇಕು. ಆ ಇಸಮು ಯಾರೆಂಬುದು ನನಗೆ ಗೊತ್ತು, ಮುತ್ತಲಗುಂಡಿಯ ಮಕ್ಕಳುಮರಿಗೆಲ್ಲ ಗೊತ್ತು, ಸಂತೆಗೆ ಹೋಗಿ ಬಂದವರ ಬಾಯಿಂದ ಕುಷ್ಟಗಿಗೂ ಹಿಟ್ನಾಳಕ್ಕೂ ಗೊತ್ತಾಗಿದೆ. ಇಡೀ ಸೀಮೆಯಲ್ಲಿ ಗೊತ್ತಿಲ್ಲದವರು ಒಬ್ಬರೇ ಉಳಿದಿದ್ದಾರೆ, ಮತ್ತು ಅವರೇ ನೋಟೀಸು ಬರೆದಿದ್ದಾರೆ. ಆದರೆ ಹೆಸರು ಹೇಳುವ ಮೊದಲು ನನ್ನದೇ ಒಂದು ದೂರು ಇದೆ. ಮಾನ್ಯರೇ, ತಾವು ನನ್ನ ಪಾತ್ರವನ್ನು ಕಸಿದುಕೊಂಡಿದ್ದೀರಿ. ಅದು ನನಗೆ ವಾಪಸು ಬೇಕು, ಬೇಗ ಬೇಕು.

ಬೇಗ ಯಾಕೆಂದರೆ ನನ್ನ ತಾಯಿ ಹೊಳಿಯಮ್ಮನ ಕಣ್ಣಿಗೆ ಪೊರೆ ಬಂದಿದೆ. ಒಂದು ಕಣ್ಣು ಹೋಗಿ ಎರಡು ವರ್ಷ, ಇನ್ನೊಂದರಲ್ಲಿ ಈಗ ಬಣ್ಣ ಮತ್ತು ಗಾತ್ರ ಮಾತ್ರ ಕಾಣುತ್ತದೆ, ಬರುವ ದೀಪಾವಳಿಗೆ ಅದೂ ಇರುವುದಿಲ್ಲವೆಂದು ಕೊಪ್ಪಳದ ವೈದ್ಯರು ಹೇಳಿದ್ದಾರೆ. ಆಕೆ ಈ ಲೋಕದಿಂದ ಕೇಳಿದ್ದು ಬಹಳ ಕಡಿಮೆ. ಮಗ ಒಂದು ಸಲ ರಾಜನಾಗಿ ಕುಳಿತದ್ದನ್ನು ನೋಡಬೇಕು, ಅಷ್ಟೇ. ನಾನು ನಮ್ಮ ಆಟದ ಮೇಳದಲ್ಲಿ ಹನ್ನೊಂದು ವರ್ಷದಿಂದ ದೂತನಾಗಿದ್ದೇನೆ. ಓಡಿ ಬರುವುದು, ಮಂಡಿಯೂರುವುದು, ಸುದ್ದಿ ಒದರುವುದು, ಓಡಿ ಹೋಗುವುದು. ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ಯಾರೂ ನನಗೆ "ಕುಂದ್ರಪಾ" ಅಂದಿಲ್ಲ.

ನಮ್ಮ ಮೇಳದಲ್ಲಿ ಪಾತ್ರಗಳನ್ನು ಮಾಸ್ತರರು ಹಂಚುವುದಿಲ್ಲ. ಇದ್ದವನು ತಾನಾಗಿ ಬಿಡಬೇಕು, ಬಿಡುವಾಗ ಜನರೆದುರು ತನ್ನ ಕೈಯಾರೆ ಎಲೆ-ಅಡಿಕೆ ಕೊಡಬೇಕು. ತೆಗೆದುಕೊಂಡವನು ಅದನ್ನು ಬಾಯಿಗೆ ಹಾಕಿಕೊಂಡನೋ, ಪಾತ್ರ ಅವನದಾಯಿತು, ಆಮೇಲೆ ಬ್ರಹ್ಮ ಬಂದರೂ ಬದಲಿಲ್ಲ. ಮೂವತ್ತು ವರ್ಷ ರಾಜನಾಗಿ ಮೆರೆದ ಉಮರಸಾಬ ಈ ಸಲ ಮುಂದಿನ ಹಲ್ಲು ನಾಲ್ಕೂ ಬಿದ್ದು, ಸಿಟ್ಟಿನ ಮಾತು ಹೇಳಿದರೆ ಬರೀ ಗಾಳಿ ಬರತೊಡಗಿದ್ದರಿಂದ, ಸಂಕ್ರಾಂತಿಯ ದಿನ ನನ್ನನ್ನು ಕರೆದು ಎಲೆ ಕೊಟ್ಟ. "ಗಿಡ್ಡಪ್ಪಾ, ರಾಜಾ ಅಂದ್ರ ಭಾಳ ಮಾತಾಡಬಾರದು, ಭಾಳ ಕೇಳಬಾರದು, ನೆಟ್ಟಗ ಕುಂದರಬೇಕು, ಅಷ್ಟ ನೋಡಪಾ ಗುಟ್ಟು" ಎಂದ. ನಾನು ಅಳುತ್ತ ಎಲೆ ಮೆಲ್ಲಿದೆ. ಮರುದಿನವೇ ಹಳೆಯ ಬೇವಿನ ಹಲಗೆ ಕೊಯ್ದು, ಕೈಗಳಿಗೆ ಸಿಂಹದ ಮುಖ ಕೆತ್ತಿ (ಬೆಕ್ಕಿನಂತೆ ಬಂದಿದೆ ಎನ್ನುವವರು ಎನ್ನಲಿ), ನನ್ನ ಕಾಲು ನೆಲಕ್ಕೆ ಮುಟ್ಟುವ ಅಳತೆಗೆ ಒಂದು ಸಿಂಹಾಸನ ಮಾಡಿದೆ.

ಆಗ ತಮ್ಮ ಅಪ್ಪಣೆ ಬಂತು, ಆಟಕ್ಕೆ ಪರವಾನಿಗೆ ಬೇಕಿದ್ದರೆ ಪಾತ್ರಗಳ ಪಟ್ಟಿ ಕೊಡಬೇಕೆಂದು. ಕೊಟ್ಟೆವು. ಅದರ ಮೇಲೆ ತಮ್ಮ ಕೆಂಪು ಪೆನ್ಸಿಲು ಆಡಿದ ಆಟವನ್ನು ನಮ್ಮ ಮಾಸ್ತರ ತಿಮ್ಮಣ್ಣ ತನ್ನ ಜನ್ಮದಲ್ಲಿ ಬರೆಯಲಾರ. ಹೈದರಾಬಾದಿನಲ್ಲಿ ಒಬ್ಬ ದೊರೆ ಇರುವಾಗ ಮುತ್ತಲಗುಂಡಿಗೆ ಇನ್ನೊಬ್ಬ ಏತಕ್ಕೆಂದು ರಾಜನನ್ನು ಹೊಡೆದಿರಿ. ಸರಕಾರಕ್ಕೆ ಬುದ್ಧಿ ಹೇಳುವವರು ಬೇಡವೆಂದು ಮಂತ್ರಿಯನ್ನು ಹೊಡೆದಿರಿ. ತಮ್ಮ ಠಾಣೆಯ ಹದ್ದಿನಲ್ಲಿ ಕಳವು ಸಾಧ್ಯವೇ ಇಲ್ಲವೆಂದು ಕಳ್ಳನನ್ನೂ, ಖಾಯಂ ವಿಳಾಸ ಇಲ್ಲದ ಕಾರಣ ರಾಕ್ಷಸನನ್ನೂ ಹೊಡೆದಿರಿ. ಮೌಲಾಹುಸೇನ ಮಾಡುವ ರಾಜಮಾತೆಯು ಎರಡನೆಯ ಅಂಕದಲ್ಲಿ ಅಳುತ್ತಾಳೆ. ಇಷ್ಟು ಒಳ್ಳೆಯ ಬಂದೋಬಸ್ತಿನಲ್ಲಿ ಅಳಲು ಕಾರಣವೇನೆಂದು ಕೇಳಿ ಆಕೆಯನ್ನೂ ಹೊಡೆದಿರಿ. ಹಾಸ್ಯಗಾರನ ಹೆಸರಿನ ಮುಂದೆ ಮಾತ್ರ ಪೆನ್ಸಿಲು ಬಹಳ ಹೊತ್ತು ತಡೆದು ನಿಂತಂತೆ ಕಾಣುತ್ತದೆ. ಅವನು ಯಾರನ್ನು ನೋಡಿ ನಗುತ್ತಾನೆಂಬುದು ತಿಳಿಯದೆ ಕೊನೆಗೆ ಎರಡು ಸಲ ಹೊಡೆದಿದ್ದೀರಿ. ಉಳಿದವನು ದೂತನೊಬ್ಬ. "ಇವನು ಸರಕಾರಿ ನೌಕರ, ಇರಲಿ" ಎಂದು ತಾವೇ ಬದಿಯಲ್ಲಿ ಬರೆದಿದ್ದೀರಿ. ಸಾಮಾನುಗಳ ಪಟ್ಟಿಯಲ್ಲಿ ಕತ್ತಿ ಹೋಯಿತು, ಸಿಂಹಾಸನ ಮತ್ತು ಕಿರೀಟ ತಮ್ಮ ಸಹಿಯೊಂದಿಗೆ ಉಳಿದವು. ಹೊತ್ತು ಮುಳುಗಿದ ಮೇಲೆ ಜನ ಸೇರಕೂಡದೆಂದು ಆಟವನ್ನು ನಡುಮಧ್ಯಾಹ್ನಕ್ಕೆ ಇಟ್ಟಿರಿ.

ಆಟವನ್ನೇ ಬಿಟ್ಟುಬಿಡೋಣವೆಂದರೆ ತಿಮ್ಮಣ್ಣ ಒಪ್ಪಲಿಲ್ಲ. "ದೂತ ಉಳದಾನಲ್ಲಪಾ, ಆಟ ಉಳದಂಗ. ಸುದ್ದಿ ಹೇಳಾವ ಒಬ್ಬ ಇದ್ರ ಸಾಕು, ಕೇಳಾವರು ಯಾರಂತ ಜನಾನ ತಿಳ್ಕೋತಾರ" ಎಂದ. ದೂತನ ಪಾತ್ರವೂ ನನ್ನ ಕೈಯಲ್ಲಿಯೇ ಇತ್ತು. ಯಾರಿಗಾದರೂ ಎಲೆ ಕೊಟ್ಟುಬಿಡೋಣವೆಂದರೆ ಕೈಯೊಡ್ಡಿದವರೇ ಇರಲಿಲ್ಲ. ಹೀಗೆ ಸಿಂಹಾಸನವನ್ನು ಖಾಲಿ ಇಟ್ಟು, ಅದರ ಮೇಲೆ ಚಪ್ಪರದ ಬಿದಿರಿಗೆ ದಾರ ಕಟ್ಟಿ ಕಿರೀಟವನ್ನು ಇಳಿಬಿಟ್ಟು, ಒಬ್ಬನೇ ದೂತನ ಆಟ ಶುರುವಾಯಿತು. ತಾಯಿಗೆ ಮಾತ್ರ ನಾನು ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ, ಅದು ನನ್ನದೇ ತಪ್ಪು. ಆಕೆ ಮುಂದಿನ ಸಾಲಿನಲ್ಲಿ ಕುಳಿತು, ಕಾಣುವ ಕಣ್ಣನ್ನು ಸಿಂಹಾಸನದ ಕಡೆ ನೆಟ್ಟುಕೊಂಡು ಕಾಯುತ್ತಿದ್ದಳು.

ಅಷ್ಟರಲ್ಲಿ ತಾವು ತಪಾಸಣೆಗೆ ದಯಮಾಡಿಸಿದಿರಿ. ಬಿಸಿಲೋ ಬಿಸಿಲು. ತಾವು ಇಳಿದವರೇ ಕುರ್ಚಿ ಕೇಳಿದಿರಿ. ಊರಿಗೆ ಇರುವ ಒಂದೇ ಕುರ್ಚಿ ಗೌಡರದು, ಅದು ಕಾಲು ಮುರಿದು ರಿಪೇರಿಗೆಂದು ನನ್ನ ಅಂಗಳದಲ್ಲಿ ಬಿದ್ದಿತ್ತು. ನೆರಳಿನಲ್ಲಿ ಬೆನ್ನೂ ಕೈಯೂ ಇರುವ ಆಸನ ಕಂಡದ್ದು ಒಂದೇ. ಮೇಲಾಗಿ ತಾವು ಬಂದದ್ದು ಆಟ ನೋಡಲಿಕ್ಕಲ್ಲ, ಆಟ ನೋಡುವ ಜನರನ್ನು ನೋಡಲಿಕ್ಕೆ. ಆದ್ದರಿಂದ ನೇರವಾಗಿ ಹತ್ತಿ, ಜನರಿಗೆ ಮುಖ ಕೊಟ್ಟು, ನನ್ನ ಎರಡು ಬೆಕ್ಕುಗಳ ತಲೆಯ ಮೇಲೆ ಕೈಯಿಟ್ಟು ಕುಳಿತುಬಿಟ್ಟಿರಿ. ಕಿರೀಟವು ತಮ್ಮ ಟೋಪಿಗಿಂತ ನಾಲ್ಕು ಬೆರಳು ಮೇಲೆ ಗಾಳಿಗೆ ಓಲಾಡುತ್ತಿತ್ತು. ಅಯ್ಯಯ್ಯೋ, ಎಷ್ಟು ಚೆನ್ನಾಗಿ ಒಪ್ಪಿತು ಅಂತೀರಿ!

ಈಗ ನನ್ನ ಮೂರ್ಖತನವನ್ನು ಕೇಳಬೇಕು. ಮನೆಗೆ ಬಂದ ದೊಡ್ಡವರಿಗೆ ಎಲೆ-ಅಡಿಕೆ ಕೊಡುವುದು ನಮ್ಮ ಪದ್ಧತಿ. ಹಿರಿಯರು ಯಾರೂ ಏಳದಿದ್ದರಿಂದ, ವೇಷದಲ್ಲಿದ್ದ ನಾನೇ ತಟ್ಟೆ ಹಿಡಿದು, ಬಗ್ಗಿ, ಕೈಯಾರೆ ತಮಗೆ ವೀಳ್ಯ ಕೊಟ್ಟೆ. ತಾವು ಅದನ್ನು ಬಾಯಿಗೆ ಹಾಕಿಕೊಂಡಿರಿ. ಪರದೆಯ ಹಿಂದಿನಿಂದ ಉಮರಸಾಬ "ತೋಬಾ ತೋಬಾ, ಹೋತು!" ಎಂದು ಹಣೆ ಬಡಿದುಕೊಂಡಾಗಲೇ ನನಗೆ ಹೊಳೆದದ್ದು. ಮೂರು ತಿಂಗಳ ಹಿಂದೆ ಪಡೆದ ರಾಜನ ಪಾತ್ರವನ್ನು ನಾನು ನಾಲ್ಕುನೂರು ಜನರೆದುರು, ಸುಣ್ಣ ಹಚ್ಚಿ, ಮಡಿಚಿ, ತಮ್ಮ ಕೈಗೆ ಕೊಟ್ಟುಬಿಟ್ಟಿದ್ದೆ.

ಆಮೇಲೆ ತಾವು ಅಭಿನಯಿಸಿದ ರೀತಿಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ನಾನು ಓಡಿ ಬಂದು ಮಂಡಿಯೂರಿ, ಗಂಟಲು ಕಟ್ಟಿ ಎಳೆಯುವ ದೂತನ ದನಿಯಲ್ಲಿ "ಪ್ರಭೂ, ಕಣಜ ಕಾಯುವವರೇ ಕಣಜದ ಕಾಳು ಹೊತ್ತರು!" ಎಂದು ಒದರಿದೆ. ನಮ್ಮ ಪ್ರತಿಯಲ್ಲಿ ರಾಜನು ಇದಕ್ಕೆ "ನಾಳೆ ನೋಡೋಣ" ಎನ್ನಬೇಕು, ಆ ದೃಶ್ಯದಲ್ಲಿ ರಾಜನಿಗೆ ಇರುವುದು ಅದೊಂದೇ ಮಾತು. ಸರಿಯಾಗಿ ಆಗಲೇ ತಮ್ಮ ಜವಾನ ಜಿಲಾನಸಾಬ ಪಕ್ಕದಿಂದ ಬಗ್ಗಿ, "ಹುಜೂರ್, ಕುದುರಿ ಕಾಲಿನ ನಾಲು ಸವದಾವ್ರಿ, ಬಡಸ್ಲೇನ್ರಿ?" ಎಂದು ಕೇಳಿದ. ತಾವು ಎಲೆ ಮೆಲ್ಲುತ್ತ, ಜನರ ಮೇಲಿನ ಕಣ್ಣು ಕೀಳದೆ, "ನಾಳಿ ನೋಡೂಣು" ಎಂದಿರಿ. ಚಪ್ಪರ ಹಾರಿಹೋಗಲಿಲ್ಲವಲ್ಲ, ಅದೇ ಪುಣ್ಯ! ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾನು ಎರಡನೆಯ ಸುದ್ದಿ ಒದರಿದೆ, ರೈತರ ಗಾಡಿ-ಎತ್ತುಗಳನ್ನು ಬಿಟ್ಟಿ ಹಿಡಿದರೆಂದು. ಜನ ಏಕೆ ನಗುತ್ತಾರೆಂದು ತಿಳಿಯದ ತಾವು ಹುಬ್ಬು ಗಂಟಿಕ್ಕಿದಿರಿ. ರಾಜ ಅಲ್ಲಿ ಹುಬ್ಬು ಗಂಟಿಕ್ಕಬೇಕೆಂದೇ ಪ್ರತಿಯಲ್ಲಿದೆ. ಮೂರನೆಯ ಸುದ್ದಿಗೆ, ವೈರಿ ಊರಬಾಗಿಲಿಗೆ ಬಂದನೆಂದು ನಾನು ಎದೆ ಬಡಿದುಕೊಳ್ಳುವಾಗ, ತಾವು ಆಕಳಿಸಿದಿರಿ. ತಿಮ್ಮಣ್ಣ ಪ್ರತಿಯನ್ನು ಕೆಳಗಿಟ್ಟು ನನ್ನ ಕಿವಿಯಲ್ಲಿ ಕೇಳಿದ: "ಇವರಿಗೆ ಯಾರಪಾ ತಾಲೀಮು ಕೊಟ್ಟಾವ್ರು?"

ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮಂಗಳ ಹಾಡುವಾಗ ನನ್ನ ತಾಯಿ ಎದ್ದಳು. ಹೆಂಡತಿ ಕಸ್ತೂರೆಮ್ಮ ಸೆರಗು ಹಿಡಿದು ಎಳೆದರೂ ಬಿಡಿಸಿಕೊಂಡು, ಗಾಳಿಯನ್ನು ತಡವುತ್ತ ಬಂದು, ತಮ್ಮ ಮುಂದೆ ನಿಂತಳು. ಸಿಂಹಾಸನದಲ್ಲಿ ಒಂದು ಗಾತ್ರ, ಅದರ ಮೇಲೆ ಹೊಳೆಯುವುದೊಂದು. ಆಕೆಯ ಕಣ್ಣಿಗೆ ಅಷ್ಟು ಸಾಕಾಯಿತು. "ಎಷ್ಟ್ ಛಲೋ ಕಾಣಾಕತ್ತೀಯೋ ನನ್ನಪ್ಪಾ, ಯಾರ ಕಣ್ಣು ಬೀಳದಿರಲಿ" ಎಂದು ಎರಡೂ ಕೈಯಿಂದ ತಮ್ಮ ಮುಖ ನೀವಿ, ನಿವಾಳಿಸಿ, ತನ್ನ ಕಪಾಲಕ್ಕೆ ಒತ್ತಿ ಲಟಲಟನೆ ನೆಟಿಗೆ ಮುರಿದಳು. ಆ ನೆಟಿಗೆ ನನ್ನದು, ಮಾನ್ಯರೇ. ನಲವತ್ಮೂರು ವರ್ಷ ನಾನು ಅದಕ್ಕಾಗಿ ಕಾದಿದ್ದೆ, ಮತ್ತು ನಾಲ್ಕು ಮೊಳ ದೂರದಲ್ಲಿ ಮಂಡಿಯೂರಿ ಕುಳಿತು ಅದು ತಮಗೆ ಸಲ್ಲುವುದನ್ನು ನೋಡಿದೆ. ತಾವು ಜಿಲಾನಸಾಬನಿಗೆ ಸನ್ನೆ ಮಾಡಿ ಮುದುಕಿಯನ್ನು ದೂಡಿಸುತ್ತೀರಿ ಎಂದುಕೊಂಡು ನಾನು ಎದ್ದೇ ಬಿಟ್ಟಿದ್ದೆ. ತಾವು ಹಾಗೆ ಮಾಡಲಿಲ್ಲ. ಟೋಪಿ ತೆಗೆದು, ಆಕೆಯ ಕೈಗೆ ಎಟುಕಲೆಂದು ತಲೆ ಬಗ್ಗಿಸಿದಿರಿ. ಅದು ನಮ್ಮ ಪ್ರತಿಯಲ್ಲಿ ಇಲ್ಲ. ಆ ಕಾರಣಕ್ಕೇ ಈ ಪತ್ರವನ್ನು ಮೂರು ಸಲ ಹರಿದು ನಾಲ್ಕನೆಯ ಸಲ ಇಷ್ಟು ಮರ್ಯಾದೆಯಿಂದ ಬರೆದಿದ್ದೇನೆ.

ಆದ್ದರಿಂದ ನನ್ನ ನಮ್ರ ಬೇಡಿಕೆಗಳು. ತಾವು ನೋಟೀಸಿನ ಪ್ರಕಾರ ತಮ್ಮನ್ನು ತಾವೇ ಹಿಡಿದು ಎಂಟು ದಿವಸದೊಳಗೆ ತಮ್ಮ ಮುಂದೆ ಹಾಜರುಪಡಿಸಿ, ಕುದುರೆಯ ಜಾಮೀನಿನ ಮೇಲೆ ಬಿಟ್ಟುಬಿಡಬೇಕು. ಅದಾದ ಮೇಲೆ ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಮುತ್ತಲಗುಂಡಿಗೆ ದಯಮಾಡಿಸಿ, ಜನರೆದುರು ನನಗೆ ಕೈಯಾರೆ ಎಲೆ-ಅಡಿಕೆ ಕೊಟ್ಟು ಪಾತ್ರ ಬಿಡಬೇಕು. ಬಿಟ್ಟರೆ ಅಷ್ಟು ದಿನ ರಾಜ ತಾವೇ ಆಗಿದ್ದಿರೆಂದು ಒಪ್ಪಿದಂತೆ ಆಗುತ್ತದೆ, ನಾನು ಬಲ್ಲೆ. ಬಿಡದಿದ್ದರೆ ಇನ್ನೂ ಕಷ್ಟ: ಕುಷ್ಟಗಿಯವರೂ ಹಿಟ್ನಾಳದವರೂ ಆಗಲೇ ಆಟ ಬೇಕೆಂದು ಕೇಳಿ ಹೋಗಿದ್ದಾರೆ, ತಾವು ಎಲ್ಲ ಕಡೆಗೂ ಬಂದು ಕುಳಿತುಕೊಳ್ಳಬೇಕಾಗುತ್ತದೆ, ಮತ್ತು ಬರದಿದ್ದರೆ ಖಾಲಿ ಸಿಂಹಾಸನದ ಪಕ್ಕದಲ್ಲಿ ನಿಂತು ತಿಮ್ಮಣ್ಣ ತಮ್ಮ ಹುದ್ದೆ ಸಹಿತ ಹೆಸರು ಕೂಗಬೇಕಾಗುತ್ತದೆ. ಪದ್ಧತಿ ಪದ್ಧತಿಯೇ, ಬಡವರಾದ ನಮಗೆ ಏನು ಮಾಡಲು ಬರುತ್ತದೆ?

ತಮ್ಮ ಅಪ್ಪಣೆಗೆ ಮಂಡಿಯೂರಿಯೇ ಕಾದಿರುವ,
ತಮ್ಮ ವಿಶ್ವಾಸಿ,
ಬಡಗಿ ಗಿಡ್ಡಪ್ಪ
(ಸರಕಾರಿ ಪರವಾನಿಗೆ ಪಡೆದ ದೂತ)

ತಾ.ಕ.: ಸಿಂಹಾಸನದಲ್ಲಿ ಇದ್ದದ್ದು ನಾನಲ್ಲವೆಂದು ತಾಯಿಗೆ ಇನ್ನೂ ಹೇಳಿಲ್ಲ. ನಿನ್ನೆ ಧೈರ್ಯ ಮಾಡಿ, ಯವ್ವಾ, ರಾಜನ ಪಾತ್ರ ಹೆಂಗ ಮಾಡಿದೆ ಎಂದು ಕೇಳಿದೆ. ಆಕೆಯ ಹರಕೆ ಆಗಲೇ ತಮ್ಮ ಹತ್ತಿರವಿರುವುದರಿಂದ, ಆಕೆಯ ಉತ್ತರವನ್ನು ನಾನು ಇಟ್ಟುಕೊಳ್ಳುವುದು ನ್ಯಾಯವಲ್ಲ, ಒಂದಕ್ಷರ ಬಿಡದೆ ತಮಗೇ ಕಳಿಸಿದ್ದೇನೆ: "ಕಾಣಾಕ ಭಾಳ ಛಲೋ ಕಂಡಿ ಮಗನ. ಆದ್ರ ಆ ದೂತ, ಪಾಪ ಯಾರ ಮಗಾನೋ ಏನೋ, ಊರ ಮಂದಿ ಸಂಕಟಾನ ಗಂಟಲ ಹರಕೊಂಡು ಹೇಳಾಕತ್ತಿದ್ದ, ನೀ ಎಲಿ ಮೆಲ್ಲಕೋಂತ ಕುಂತಿದ್ದಿ. ಹಡದಾಕಿಗೆ ನಾಚಿಕಿ ಬಂತು ನೋಡಪಾ."