ಎಡಗಾಲಿಗೆ ಬಿದ್ದ ಬೀಗದ ಕುರಿತು ಪೆಡಲ್ ಆಯ್ಕೆ ಉಪಸಮಿತಿಗೆ

ಮಾನ್ಯರೇ,

ನೀರು ಸರಬರಾಜು ಕಚೇರಿಯ ಪೆಡಲ್ ಆಯ್ಕೆ ಉಪಸಮಿತಿಯ ಘನ ಅಧ್ಯಕ್ಷರಾದ ತಮ್ಮ ಸನ್ನಿಧಾನಕ್ಕೆ, ಅದೇ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮನೆಮನೆಯ ನೀರಿನ ಮೀಟರ್ ಓದುತ್ತಾ ಬಂದಿರುವ, ಮೂರನೇ ಹಾದಿಯವಳು ಎಂದೇ ಎಲ್ಲರೂ ಕರೆಯುವ ನಾನು ಅತ್ಯಂತ ವಿನಯದಿಂದ ವಂದಿಸಿ ಬರೆದುಕೊಳ್ಳುವುದೇನೆಂದರೆ, ತಾವು ಕ್ಷೇಮವೆಂದು ನಂಬಿದ್ದೇನೆ, ನಾನು ಕ್ಷೇಮವಲ್ಲ. ಬರುವ ಸೋಮವಾರ ಹನ್ನೊಂದು ಗಂಟೆಗೆ ತಾವು ನನ್ನನ್ನು ವಿಚಾರಣೆಗೆ ಕರೆದು, 'ಸಮತೋಲನ ದೋಷವುಳ್ಳ ಸಿಬ್ಬಂದಿ' ಎಂದು ತೀರ್ಮಾನಿಸಿ, ಬೀದಿಯ ಕೆಲಸದಿಂದ ಬಿಡಿಸಿ, ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಕಾಯಂ ಆಗಿ ಕಳಿಸುವವರಿದ್ದೀರಿ. ಆ ಕೋಣೆಗೆ ಕಿಟಕಿ ಇಲ್ಲ. ವಿಚಾರಣೆಯಲ್ಲಿ ನನ್ನ ಮಾತಿಗೆ ಐದು ನಿಮಿಷ ಮಂಜೂರಾಗಿದೆ. ತಮ್ಮ ಗುಣಗಾನ ಐದು ನಿಮಿಷದಲ್ಲಿ ಮುಗಿಯುವಂಥದ್ದಲ್ಲವಾದ್ದರಿಂದ ಈ ಪತ್ರ ಬರೆದು, ಕಚೇರಿಯ ಸೂಚನಾ ಫಲಕಕ್ಕೂ ಒಂದು ಪ್ರತಿ ಅಂಟಿಸಿದ್ದೇನೆ.

ಮೊದಲು ಹೊಗಳಿಕೆ. ನಾವು ಹನ್ನೊಂದು ಮಂದಿ ಮೀಟರ್ ಓದುವವರು ಚಪ್ಪಲಿ ಸವೆಸಿಕೊಂಡು ನಡೆಯುವುದನ್ನು ನೋಡಲಾರದೆ ನಮಗೆಲ್ಲ ಸೈಕಲ್ ಕೊಡಿಸಿದ ಕಚೇರಿ ದೊಡ್ಡದು. ಆ ಸೈಕಲ್ಲಿಗೆ ಯಾವ ಪೆಡಲ್ ಹಾಕಿಸಬೇಕು ಎಂಬ ಒಂದೇ ಪ್ರಶ್ನೆಗೆ ಮೂವರ ಉಪಸಮಿತಿ ರಚಿಸಿದ ಕಚೇರಿ ಇನ್ನೂ ದೊಡ್ಡದು. ಉಪಸಮಿತಿ ಆರು ಸಲ ಸೇರಿತು. ಮೂರು ಬೀದಿ ಆಚೆಯ ಮನೆಯಿಂದ ಕಾರಿನಲ್ಲಿ ಬರುವ ತಮಗಾಗಲಿ, ಲಿಫ್ಟ್ ಕೆಟ್ಟ ದಿನ ರಜೆ ಹಾಕುವ ಉಗ್ರಾಣಾಧಿಕಾರಿಗಳಿಗಾಗಲಿ ಸೈಕಲ್ ತುಳಿದು ಗೊತ್ತಿಲ್ಲವಾದ್ದರಿಂದ, ತಮ್ಮ ತೀರ್ಮಾನ ಯಾವ ಪೂರ್ವಗ್ರಹವೂ ಇಲ್ಲದೆ ಬಂತು ಎಂಬುದನ್ನು ಶತ್ರುಗಳೂ ಒಪ್ಪಬೇಕು. ಮೇಜಿನ ಮೇಲೆ ಕಂಪನಿಯವರ ಬಣ್ಣದ ಪುಸ್ತಕ ಇತ್ತಂತೆ, ಮುಖಪುಟದಲ್ಲಿ ಪಂದ್ಯ ಗೆದ್ದವನೊಬ್ಬ ಎರಡೂ ಕೈ ಮೇಲೆತ್ತಿ ಸೈಕಲ್ ಮೇಲೆ ಕೂತಿದ್ದನಂತೆ, ಅವನ ಕಾಲ ಕೆಳಗೆ ಇರುವುದೇ ನಮ್ಮವರ ಕಾಲ ಕೆಳಗೂ ಇರಲಿ ಎಂದು ತಾವು ಅಪ್ಪಣೆ ಕೊಡಿಸಿದಿರಂತೆ. ಹೀಗೆ ನಮಗೆ ಬೀಗದ ಪೆಡಲ್ ಬಂತು.

ಬೀಗದ ಪೆಡಲ್ ಎಂದರೇನೆಂದು ಫಲಕದಲ್ಲಿ ಓದುತ್ತಿರುವವರಿಗೆ ತಿಳಿಸುತ್ತೇನೆ. ತಮಗೂ ಹೊಸ ವಿಷಯವೇ ಆದೀತು. ಬೂಟಿನ ಅಡಿಗೆ ಒಂದು ಲೋಹದ ಹಲ್ಲು, ಪೆಡಲಿನಲ್ಲಿ ಅದು ಕೂರುವ ಬಾಯಿ. ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ಬಲವಾಗಿ ತಿರುಚಿದರೆ ಮಾತ್ರ ಬಿಡುತ್ತದೆ. ಇಳಿಯುವ ಯೋಚನೆಯೇ ಇಲ್ಲದೆ ನಾಲ್ಕು ಗಂಟೆ ಒಂದೇ ಸಮ ತುಳಿಯುವವನಿಗೆ ಅದು ವರ. ನನ್ನ ಹಾದಿಯಲ್ಲಿ ನೂರ ನಲವತ್ತಾರು ಮನೆಗಳಿವೆ ಮಾನ್ಯರೇ. ನೂರ ನಲವತ್ತಾರು ಸಲ ಇಳಿದು, ಗೇಟಿನ ಚಿಲಕ ತೆಗೆದು, ಗುಂಡಿಯ ಮುಚ್ಚಳ ಎತ್ತಿ, ಕುಕ್ಕರಗಾಲಲ್ಲಿ ಕೂತು, ಮೀಟರಿನ ಗಾಜಿಗೆ ಮೆತ್ತಿದ ಕೆಸರು ಒರೆಸಿ, ಅಂಕಿ ಬರೆದುಕೊಂಡು, ಮತ್ತೆ ಹತ್ತಬೇಕು. ನನ್ನ ಕೆಲಸ ಸೈಕಲ್ ಓಡಿಸುವುದಲ್ಲ, ಸೈಕಲ್ಲಿನಿಂದ ಇಳಿಯುವುದು. ಇಳಿಯುವವಳಿಗೆ ಇಳಿಯಲಾಗದ ಪೆಡಲ್ ಆರಿಸಲು ಆರೇ ಸಭೆ ಸಾಕಾಯಿತಲ್ಲ, ಅದೇ ಆಶ್ಚರ್ಯ.

ಕಚೇರಿಯ ಗೇಟಿಗೆ ಎದುರಾಗಿಯೇ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ತಾತನನ್ನು ಒಂದು ಸಲ ಒಳಗೆ ಕರೆದಿದ್ದರೆ ಆಗುತ್ತಿತ್ತು. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ. ನಾನು ಹೋಗಿ ಕೇಳಿದಾಗ ಅವರು ಪಂಪ್ ಒತ್ತುತ್ತಲೇ, ಪೆಡಲ್ ಕೊಳ್ಳೋಕೆ ಬಂದವರನ್ನ ನಾನು ಎಷ್ಟು ಜೋರಾಗಿ ಓಡಿಸ್ತೀಯ ಅಂತ ಕೇಳಲ್ಲಮ್ಮಾ, ಎಷ್ಟು ಸಲ ಇಳೀತೀಯ ಅಂತ ಕೇಳ್ತೀನಿ, ಎಂದರು. ಪಂದ್ಯದವರಿಗೆ ಬೀಗದ್ದು ಸರಿಯಂತೆ. ಗುಡ್ಡದ ಕಲ್ಲುದಾರಿಯಲ್ಲಿ ಕುಪ್ಪಳಿಸುವವರಿಗೆ ಅಗಲದ್ದು ಬೇಕಂತೆ, ಬೂಟು ಜಾರದಂತೆ ಮೇಲೆ ಸಣ್ಣ ಮೊಳೆಗಳಿರುವಂಥದ್ದು. ಆದರೆ ಅದು ತಪ್ಪಿ ಬಡಿದರೆ ಮೊಣಕಾಲ ಚಿಪ್ಪಿನ ಕೆಳಗಿನ ಚರ್ಮ ಅದರ ಪಾಲು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮೂರನೇ ಮಹಡಿ ಹತ್ತುವವರಿಗೆ ಮಡಚುವ ಪೆಡಲ್ ಕೂಡ ಇದೆಯಂತೆ. ಸಂತೆಗೆ, ಶಾಲೆಗೆ, ಮನೆಮನೆಗೆ ಹೋಗುವವರಿಗೆ ರಬ್ಬರಿನ ಚಪ್ಪಟೆ ಪೆಡಲ್, ಯಾವ ಚಪ್ಪಲಿ ಹಾಕಿದರೂ ನಡೆಯುತ್ತದೆ, ಮಳೆಯಲ್ಲೂ ಕಾಲು ನಿಲ್ಲುತ್ತದೆ, ಇಷ್ಟ ಬಂದಾಗ ಕಾಲು ನೆಲಕ್ಕೆ ಬರುತ್ತದೆ. ಇಷ್ಟನ್ನು ಹೇಳಲು ತಾತ ತೆಗೆದುಕೊಂಡ ಸಮಯ ಒಂದು ಚಕ್ರಕ್ಕೆ ಗಾಳಿ ತುಂಬುವಷ್ಟು.

ಮೊದಲ ವಾರ ಹನ್ನೊಂದು ಮಂದಿಯೂ ಬಿದ್ದೆವು. ಸುಮ್ಮನೆ ಬೀಳಲಿಲ್ಲ, ಘನತೆಯಿಂದ ಬಿದ್ದೆವು. ವೇಗವಾಗಿ ಹೋಗುವಾಗ ಬೀಳುವುದಲ್ಲ ಇದು. ಗೇಟಿನ ಮುಂದೆ ಬ್ರೇಕ್ ಹಿಡಿದು, ಪೂರ್ತಿ ನಿಂತು, ಕಾಲು ಬಿಡಿಸಲಾಗದೆ, ಏನಾಗುತ್ತಿದೆ ಎಂದು ಚೆನ್ನಾಗಿ ತಿಳಿಯುವಷ್ಟು ನಿಧಾನವಾಗಿ ಸೈಕಲ್ ಸಮೇತ ಪಕ್ಕಕ್ಕೆ ಮಲಗುವುದು. ನಾವು ಅರ್ಜಿ ಕೊಟ್ಟೆವು, ತಾವು ದೊಡ್ಡ ಮನಸ್ಸು ಮಾಡಿ ಚಪ್ಪಟೆ ಪೆಡಲ್ ತರಿಸಿದಿರಿ. ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಹೀಗೆ ಪತ್ರ ಬರೆಯುವ ಬದಲು ಇಷ್ಟು ಹೊತ್ತಿಗೆ ಆರನೇ ಅಡ್ಡರಸ್ತೆಯಲ್ಲಿ ಇರುತ್ತಿದ್ದೆ.

ಆದರೆ ಕಚೇರಿಯ ಸ್ವತ್ತನ್ನು ಹೊರಗಿನವರು ಮುಟ್ಟಬಾರದು ಎಂಬ ನಿಯಮವಿದೆ. ಆದ್ದರಿಂದ ಪೆಡಲ್ ಬದಲಿಸುವ ಕೆಲಸವನ್ನು ತಾವು ನಮ್ಮ ಪೈಪ್ ಫಿಟ್ಟರಿಗೆ ವಹಿಸಿದಿರಿ. ಅವನನ್ನು ನಾವೆಲ್ಲ ಬಿಗಿಯಣ್ಣ ಎನ್ನುತ್ತೇವೆ, ಅವನು ಕೂರಿಸಿದ ನಲ್ಲಿ ಸೋರಿದ್ದನ್ನು ಯಾರೂ ಕಂಡಿಲ್ಲ. ಮೂವತ್ತು ವರ್ಷ ನೀರಿನ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ, ಅದರ ಮೇಲೆ ಮಾತಿಲ್ಲ. ಬಲಗಡೆಯ ಹನ್ನೊಂದು ಪೆಡಲುಗಳೂ ಅದೇ ಪ್ರಕಾರ ಸಲೀಸಾಗಿ ಬಿಚ್ಚಿಕೊಂಡವು. ಎಡಗಡೆಯವು ಮಿಸುಕಲಿಲ್ಲ. ಸೈಕಲ್ಲಿನ ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ ಮಾನ್ಯರೇ. ತುಳಿದೂ ತುಳಿದೂ ತಾನಾಗಿ ಸಡಿಲವಾಗಿ ಕಳಚದಿರಲಿ ಎಂದು ಹಾಗೆ ಮಾಡಿರುತ್ತಾರೆ, ಅದನ್ನು ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಬಿಗಿಯಣ್ಣ ಎಡಕ್ಕೆ ತಿರುಗಿಸಿದ. ಬರಲಿಲ್ಲವೆಂದು ಎಣ್ಣೆ ಬಿಟ್ಟು ಎಡಕ್ಕೆ ತಿರುಗಿಸಿದ. ಆಮೇಲೆ ರೆಂಚಿನ ಹಿಡಿಗೆ ಮೂರಡಿ ಪೈಪು ತೂರಿಸಿ, ವಾಲ್ವ್ ತಿರುಗಿಸುವ ಇಬ್ಬರನ್ನು ಕರೆದು, ಮೂವರೂ ಜೋತುಬಿದ್ದು ಎಡಕ್ಕೆ ತಿರುಗಿಸಿದರು. ಹನ್ನೊಂದು ಸೈಕಲ್ಲಿಗೂ ಇದೇ ಸೇವೆ, ಎರಡು ದಿನ. ಸೈಕಲ್ ತಾತ ಗೇಟಿನಾಚೆಯಿಂದ ಕಂಡು ಹಣೆ ಚಚ್ಚಿಕೊಂಡು ವಿಷಯ ಹೇಳುವ ಹೊತ್ತಿಗೆ, ಆ ಪೆಡಲುಗಳನ್ನು ಕೀಳುವುದು ಬ್ರಹ್ಮನ ಕೈಯಲ್ಲೂ ಆಗುವಂತಿರಲಿಲ್ಲ.

ಬಿಗಿಯಣ್ಣ ನನ್ನ ಮನೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತು, ಅಕ್ಕಾ, ಬಿಚ್ಚೋಕೆ ಹೋಗಿ ಬಿಗಿ ಮಾಡಿದ್ದು ಜೀವಮಾನದಲ್ಲಿ ಇದೇ ಮೊದಲು, ಎಂದು ತಲೆ ತಗ್ಗಿಸಿದ. ತಪ್ಪು ಮಾಡಿದವನು ತಪ್ಪೆಂದು ಹೇಳಿದ ಮೇಲೆ ಅವನ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ಸಿಟ್ಟು ಬಂದದ್ದು ತಮ್ಮ ವರದಿ ಓದಿ. 'ಪೆಡಲ್ ಬದಲಾವಣೆ: ಶೇಕಡಾ ಐವತ್ತರಷ್ಟು ಪ್ರಗತಿ ಸಾಧಿಸಲಾಗಿದೆ' ಎಂದು ಬರೆದು ಮೂವರೂ ಸಹಿ ಹಾಕಿದಿರಿ! ಅದರ ಹಿಂದೆಯೇ ಸುತ್ತೋಲೆ ಬಂತು: ಮುಂದಿನ ಆದೇಶದವರೆಗೆ ಸಿಬ್ಬಂದಿ ಬಲಗಾಲಿಗೆ ಸಾಧಾರಣ ಚಪ್ಪಲಿ, ಎಡಗಾಲಿಗೆ ಹಲ್ಲಿನ ಬೂಟು ಧರಿಸತಕ್ಕದ್ದು. ನಾವು ಹಾಗೇ ಧರಿಸಿದೆವು. ಒಂದು ಕಾಲು ಸದ್ದಿಲ್ಲದೆ, ಇನ್ನೊಂದು ಟಕ್ ಟಕ್ ಎನ್ನುತ್ತಾ ನಾನು ಅಂಗಳಕ್ಕೆ ಕಾಲಿಟ್ಟರೆ ನಾಯಿಗಳು ಕೂಡ ಬೊಗಳುವುದನ್ನು ಮರೆತು ನೋಡುತ್ತಿದ್ದವು.

ಬಲಗಾಲು ಬಿಡುವಾಗಿದೆಯಲ್ಲ, ಅದನ್ನು ಊರಬಾರದೇ ಎಂದು ವಿಚಾರಣೆಗೆ ಕರೆದ ತಮ್ಮ ಮೆಮೋದಲ್ಲಿ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ನಮ್ಮ ರಸ್ತೆಗಳಲ್ಲಿ ಎಡಬದಿಗೇ ಸಾಗಬೇಕು, ಮನೆಗಳ ಗೇಟು ಎಡಕ್ಕೇ ಸಿಗುತ್ತದೆ. ಬಲಕ್ಕೆ ಕಾಲಿಟ್ಟರೆ ಹಿಂದಿನಿಂದ ಬರುವ ಲಾರಿಯ ಚಕ್ರಕ್ಕೆ ಸಮರ್ಪಣೆ. ಒಂದು ದಿನ ಹಲ್ಲಿನ ಡಾಕ್ಟರ ಮನೆಯ ಮುಂದೆ ಲಾರಿ ಹಾರ್ನ್ ಹಾಕಿತು, ನಾನು ಎಡಕ್ಕೆ ವಾಲಿದೆ, ಕಾಲು ಬಿಡಲಿಲ್ಲ, ಕೈ ಊರಿದೆ, ಎಡ ಮಣಿಕಟ್ಟು ಮುರಿಯಿತು. ಡಾಕ್ಟರು ಕಿಟಕಿಯಿಂದ ನೋಡಿ ನಾನು ಗೇಟಿನ ಅಡಿಯಲ್ಲಿ ಏನೋ ಹುಡುಕುತ್ತಿದ್ದೇನೆ ಎಂದುಕೊಂಡರಂತೆ, ಪಾಪ. ಮನೆಯಲ್ಲಿ ನಮ್ಮತ್ತೆ, ಇಪ್ಪತ್ತೆರಡು ವರ್ಷ ನಡೆದು ಒಂದು ದಿನ ಎಡವಿದವಳಲ್ಲ, ಕೂತುಕೊಂಡು ಹೋಗೋಕೆ ಶುರು ಮಾಡಿ ಬಿದ್ದೆಯಲ್ಲೇ, ಎಂದು ಬೈಯುತ್ತಲೇ ನನಗೆ ಅನ್ನ ಕಲಸಿ ಕೊಟ್ಟರು. ಆ ಒಂದು ಮಾತಿನಲ್ಲಿ ತಮ್ಮ ಆರು ಸಭೆಗಳ ನಡಾವಳಿಗಿಂತ ಹೆಚ್ಚು ಬುದ್ಧಿ ಇತ್ತು.

ತಾವಾದರೋ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿರಿ. ಪೆಡಲಿಗೆ ಇದ್ದ ದೋಷವನ್ನು ಬಿಚ್ಚಲಾಗಲಿಲ್ಲವಾದ್ದರಿಂದ ಅದನ್ನು ನನಗೆ ತೊಡಿಸಿದಿರಿ. ನಾನು ದೋಷವುಳ್ಳವಳಾದರೆ ಪೆಡಲ್ ನಿರ್ದೋಷಿ, ಪೆಡಲ್ ನಿರ್ದೋಷಿಯಾದರೆ ಉಪಸಮಿತಿ ನಿರ್ದೋಷಿ, ಎಂಥ ಅಚ್ಚುಕಟ್ಟು! ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಉಗ್ರಾಣಾಧಿಕಾರಿಗಳು ಕಾರಿಡಾರಿನಲ್ಲಿ ನಗಾಡಿದರೆಂದು ಕೇಳಿದೆ. ನೆಲದ ಮೇಲೆ ನನ್ನದು ಏನೂ ದೂರಿಲ್ಲ, ನಾಲ್ಕು ಸಲ ಹತ್ತಿರದಿಂದ ನೋಡಿದ್ದೇನೆ, ಸರಿಯಾಗಿಯೇ ಇದೆ.

ಹೀಗಿರುವಲ್ಲಿ, ವಿಚಾರಣೆಗೆ ಮುಂಚೆ ಕೆಲವು ಸಣ್ಣಪುಟ್ಟ ಕೋರಿಕೆಗಳನ್ನು ಪರಿಶೀಲಿಸಬೇಕು. ಎಡ ಪೆಡಲ್ ಬದಲಿಸಲಾಗದಿದ್ದರೆ ನಗರದ ಎಲ್ಲ ಮನೆಗಳನ್ನೂ ರಸ್ತೆಯ ಬಲಬದಿಗೆ ಸ್ಥಳಾಂತರಿಸಲು ಒಂದು ಉಪಸಮಿತಿ ರಚಿಸಬಹುದು. ಅದು ತಡವಾಗುವುದಾದರೆ ಬಳಕೆದಾರರು ತಮ್ಮ ತಮ್ಮ ಮೀಟರುಗಳನ್ನು ಕಿತ್ತು ಎದೆಯ ಮಟ್ಟಕ್ಕೆ ಹಿಡಿದು ಸೈಕಲ್ಲಿನ ಪಕ್ಕ ಓಡತಕ್ಕದ್ದು ಎಂದು ಪ್ರಕಟಣೆ ಹೊರಡಿಸಬಹುದು. ನಾನು ನಿಲ್ಲದೆ, ಮುಖಪುಟದ ವೀರನ ಹಾಗೆ ಕೈಯೆತ್ತಿಕೊಂಡು, ಅಂಕಿ ಓದುತ್ತಾ ಸಾಗುತ್ತೇನೆ. ಇವೆರಡೂ ಕಷ್ಟವೆನಿಸಿದರೆ, ಭೂಮಿಯ ಸೆಳೆತವನ್ನು ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ನನ್ನ ಹಾದಿಯ ಮಟ್ಟಿಗೆ ಅಮಾನತಿನಲ್ಲಿ ಇಡಬೇಕಾಗಿ ವಿನಂತಿ.

ಇನ್ನು ಅಣಕವಿಲ್ಲದ ಒಂದು ಮಾತು, ಎಲ್ಲರೂ ಓದುವ ಫಲಕವೆಂದು ನಾಚದೆ ಬರೆಯುತ್ತೇನೆ. ನನಗೆ ಆ ಹಾದಿ ಬೇಕು. ಹೋದ ವರ್ಷ ಒಂಟಿ ದರ್ಜಿಯೊಬ್ಬರ ಮೀಟರಿನಲ್ಲಿ ಹಿಂದಿನ ಸಲದ ಅಂಕಿಯೇ ನಿಂತಿತ್ತು. ಒಂದು ತಂಬಿಗೆ ನೀರನ್ನೂ ಬಳಸದ ಮನೆ ಸರಿಯಿಲ್ಲ ಎಂದು ಬಾಗಿಲು ಬಡಿದೆ, ಯಾರೂ ತೆರೆಯಲಿಲ್ಲ, ಪಕ್ಕದ ಮನೆಯವರನ್ನು ಕರೆದು ಒಡೆಸಿದೆ. ಮನುಷ್ಯ ತಿಂಗಳಿಡೀ ಮಗಳ ಮನೆಯಲ್ಲಿ ಇದ್ದು ಅಂದೇ ಊರಿಗೆ ಬಂದು ಜ್ವರದಲ್ಲಿ ನೆಲದ ಮೇಲೆ ಬಿದ್ದಿದ್ದರು. ಈಗ ಅವರು ಬದುಕಿದ್ದಾರೆ, ನನ್ನ ಸಮವಸ್ತ್ರದ ಗುಂಡಿ ಉದುರಿದರೆ ಅವರೇ ಹೊಲಿಯುವುದು. ಯಾವ ಮನೆಯಲ್ಲಿ ಸೊಸೆ ಬಂದಳು, ಯಾವ ಮನೆ ಖಾಲಿಯಾಯಿತು, ಎಲ್ಲಿ ನೆಲದಡಿ ಪೈಪು ಸೋರುತ್ತಿದೆ, ಇವೆಲ್ಲ ನನಗೆ ಅಂಕಿಯಲ್ಲೇ ತಿಳಿಯುತ್ತದೆ, ತಿಳಿಯಬೇಕಾದರೆ ಪ್ರತಿ ಮನೆಯ ಮುಂದೆ ನಾನು ಇಳಿಯಬೇಕು. ಅದನ್ನು ಬಿಡಿಸಿ ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸುತ್ತೀರಿ ಎಂದಾಗ ನನಗೆ ಅಳು ಬಂತು, ಅತ್ತುಬಿಟ್ಟೆ. ಸೈಕಲ್ಲೇ ಬೇಡ, ನಡೆದೇ ಹೋಗುತ್ತೇನೆ ಎಂದು ಎರಡು ಸಲ ಬರೆದುಕೊಟ್ಟೆ. ಕಚೇರಿಯ ಸೈಕಲ್ ನಿರಾಕರಿಸುವುದು ಶಿಸ್ತು ಉಲ್ಲಂಘನೆ ಎಂಬ ಉತ್ತರ ಎರಡು ಸಲ ಬಂತು.

ಆದ್ದರಿಂದ ಸೋಮವಾರ ತಾವು ಕಚೇರಿಯ ಅಂಗಳದಲ್ಲಿ ಇಟ್ಟಿರುವ ಪರೀಕ್ಷೆಯ ಬಗ್ಗೆ ಇಷ್ಟು ಮಾತ್ರ ಕೇಳುತ್ತೇನೆ. ನೆಲಕ್ಕೆ ಕಾಲೂರದೆ ಹತ್ತು ಸುತ್ತು ಬರಬೇಕು ಎಂದಿದ್ದೀರಿ. ಒಂದೇ ಕೈಯಲ್ಲಿ ಹಿಡಿದೂ ಬಂದೇನು, ಬೀಗದ ಪೆಡಲ್ ಇರುವುದೇ ಅದಕ್ಕೆ. ಆದರೆ ಮೀಟರ್ ಓದುವವಳ ಪರೀಕ್ಷೆ ಸುತ್ತುವುದರಲ್ಲಿ ಇಲ್ಲ, ನಿಲ್ಲುವುದರಲ್ಲಿ ಇದೆ. ಹತ್ತು ಸುತ್ತಿನ ಬದಲು ಹತ್ತು ನಿಲುಗಡೆ ಇಡಿ, ನನ್ನದೇ ಸೈಕಲ್ಲಿನಲ್ಲಿ, ಎಡಗಾಲಿಗೆ ಬೂಟು, ಬಲಗಾಲಿಗೆ ಚಪ್ಪಲಿ. ನಾನೂ ಇಳಿಯುತ್ತೇನೆ, ನನ್ನ ನಂತರ ಉಪಸಮಿತಿಯ ಮೂವರೂ ಒಬ್ಬೊಬ್ಬರಾಗಿ ಇಳಿಯಲಿ. ಯಾರ್ಯಾರು ಬೀಳುತ್ತಾರೋ ಅವರೆಲ್ಲರೂ ಒಟ್ಟಿಗೆ ಕಡತಗಳ ಕೋಣೆಗೆ ಹೋಗೋಣ. ಅಲ್ಲಿ ನಾಲ್ಕು ಜನಕ್ಕೆ ಜಾಗ ಇದೆ, ನೋಡಿಕೊಂಡು ಬಂದಿದ್ದೇನೆ.

ಇತಿ, ಶೇಕಡಾ ಐವತ್ತರಷ್ಟು ನಿಂತಿರುವ
ತಮ್ಮ ವಿಶ್ವಾಸಿ,
ಮೂರನೇ ಹಾದಿಯವಳು

ಮರೆತ ಮಾತು: 'ಸಮತೋಲನ ದೋಷದ ಕಾರಣ ಸ್ವಂತ ಇಚ್ಛೆಯಿಂದ ಒಳಗಿನ ಕೆಲಸ ಕೋರುತ್ತೇನೆ' ಎಂದು ಟೈಪ್ ಮಾಡಿಸಿ, ನನ್ನ ಸಹಿಗೆ ಗುರುತು ಹಾಕಿ, ಮೆಮೋದ ಹಿಂದೆ ತಾವು ಪಿನ್ ಮಾಡಿ ಕಳಿಸಿದ ಹಾಳೆಯನ್ನು ಇದರೊಂದಿಗೆ ಸಹಿಯ ಜಾಗ ಖಾಲಿ ಬಿಟ್ಟೇ ಹಿಂದಿರುಗಿಸಿದ್ದೇನೆ. ಕೈ ಮುರಿದದ್ದರಿಂದ ಸಹಿ ಮಾಡಲಾಗಲಿಲ್ಲ ಎಂದು ದಯವಿಟ್ಟು ಬರೆದುಕೊಳ್ಳಬೇಡಿ. ಮುರಿದದ್ದು ಎಡಗೈ, ನಾನು ಸಹಿ ಮಾಡುವುದು ಬಲಗೈಯಲ್ಲಿ.