ವಾಟ್ನಿಯಾದ ಮೇಲೂ ಒಂದಾಗಿಯೇ ಉಳಿದ ಖಾತೆ

ಇಂದ,
ಮಹಾನಂದಾ ಕೋಂ ಕಲ್ಮೇಶ ಹೂಲಿ,
ಉದ್ಯೋಗ: ಹೊಲಮನಿ, ಬಿಡುವಾದಾಗ ಊರ ಹೆಣ್ಣುಮಕ್ಕಳ ಅರ್ಜಿ ಬರೆದುಕೊಡುವುದು,
ಸಾ: ಕಟಕೋಳ, ತಾ: ರಾಮದುರ್ಗ, ಜಿ: ಬೆಳಗಾವಿ.

ಗೆ,
ಮಾನ್ಯ ಮುಖ್ಯ ಉಸ್ತುವಾರಿ ಸಾಹೇಬರು,
ಫೋಟೋ ಕಾಯ್ದಿಡುವ ಕ್ಲೌಡ್ ಕಂಪನಿ.
(ಕಚೇರಿ ಯಾವ ಊರಲ್ಲಿದೆ ಎಂದು ತಾವು ಎಲ್ಲಿಯೂ ಬರೆದಿಲ್ಲವಾದ ಕಾರಣ ಮುಂದಿನ ವಿಳಾಸ ಖಾಲಿ ಬಿಡಲಾಗಿದೆ.)

ವಿಷಯ: ಬೈಲಹೊಂಗಲದ ಫೋನಿನಿಂದ ಕಟಕೋಳದ ಫೋನಿಗೆ ಬರುತ್ತಿದ್ದ ಕುಮಾರಿ ಸಪ್ನಾಳ ಫೋಟೋಗಳನ್ನು ತಾವು ತಡೆಹಿಡಿದ ಬಗ್ಗೆ, ಹಾಗೂ ಕಟಕೋಳದಿಂದ ಹೋಗಬೇಕಾದ ಕಚ್ಚಿ ಸೀರೆಯ ಫೋಟೋಗಳು ನಡುದಾರಿಯಲ್ಲಿ ನಿಂತ ಬಗ್ಗೆ.

ಉಲ್ಲೇಖ:
1. ‘ನಿಮ್ಮ ಜಾಗ ತುಂಬಿದೆ’ ಎಂದು ತಾವು ದಿನಾಲೂ ಕಳಿಸುತ್ತಿರುವ ನೋಟೀಸು.
2. ನನ್ನ ಮೊದಲಿನ ದೂರಿಗೆ ತಮ್ಮ ಯಂತ್ರ ಕೊಟ್ಟ ‘ನಿಮ್ಮ ಅನುಭವ ನಮಗೆ ಮುಖ್ಯ’ ಎಂಬ ಉತ್ತರ.
3. ಹಿರಿಯರ ಸಮಕ್ಷಮ ಆದ ನಮ್ಮ ಮನೆಯ ವಾಟ್ನಿ, ಅಂದರೆ ಆಸ್ತಿಯ ಪಾಲು (ಮೌಖಿಕ).

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಪಂಚಾಯ್ತಿಗೆ, ತಹಶೀಲ್ದಾರ ಕಚೇರಿಗೆ, ಕರೆಂಟಿನವರಿಗೆ ಅರ್ಜಿ ಬರೆದೂ ಬರೆದೂ ಪಳಗಿದ ಕೈ ನನ್ನದು. ಅಲ್ಲೆಲ್ಲ ಕೆಲಸ ಆಗಲಿ ಬಿಡಲಿ, ಒಂದು ಕಿಡಕಿ ಇರುತ್ತದೆ, ಕಿಡಕಿಯ ಆಚೆ ಬೈಸಿಕೊಳ್ಳಲು ಒಬ್ಬ ಮನುಷ್ಯ ಇರುತ್ತಾನೆ. ತಮ್ಮಲ್ಲಿ ಅದೂ ಇಲ್ಲ. ಆದ್ದರಿಂದ ಇಷ್ಟೂ ಬರವಣಿಗೆಯಲ್ಲಿಯೇ ಬೈಯಬೇಕಾಗಿ ಬಂದಿದ್ದಕ್ಕೆ ಕ್ಷಮೆ ಇರಲಿ.

1. ನಮ್ಮದು ಕೂಡುಮನೆತನವಿತ್ತು. ಭಾವ ಬಸಲಿಂಗಪ್ಪ, ಅವರ ಹೆಂಡತಿ ಅಂದರೆ ನನ್ನ ನೆಗೆಣ್ಣಿ ದೇವಕ್ಕ, ನನ್ನ ಯಜಮಾನರು ಕಲ್ಮೇಶ, ನಾನು, ಮತ್ತು ದೇವಕ್ಕನ ಮಗಳು ಸಪ್ನಾ. ನನಗೆ ಮಕ್ಕಳಿಲ್ಲ. ಸಪ್ನಾಳನ್ನು ಹಡೆದವಳು ದೇವಕ್ಕ. ಬಾಣಂತಿತನದಲ್ಲಿ ಆಕೆ ಹಾಸಿಗೆ ಹಿಡಿದ ಕಾರಣ ಎರೆದು, ಕಾಡಿಗೆ ತೀಡಿ, ತೊಟ್ಟಿಲು ತೂಗಿ ಬೆಳೆಸಿದವಳು ಅರ್ಜಿದಾರಳು. ಕೂಸು ನನ್ನನ್ನು ಸಣ್ಣವ್ವ ಎನ್ನುತ್ತದೆ. ಇದೆಲ್ಲ ನಮ್ಮ ಕಂಪನಿಗೆ ಯಾಕೆ ಎಂದು ತಾವು ಕೇಳಬಹುದು. ಬೇಕು. ಸುಮ್ಮನ ಓದ್ರಿ.

2. ನಮ್ಮ ಮನೆಗೆ ಒಮ್ಮೆಲೇ ನಾಲ್ಕು ಫೋನು ತಂದಾಗ ರಾಮದುರ್ಗದ ಮೊಬೈಲ್ ಅಂಗಡಿಯ ಯಮನಪ್ಪನು ನಾಲ್ಕು ಖಾತೆ ತೆರೆಯಲು ಬೇಸರಪಟ್ಟು, “ಒಂದ ಮನಿ ಅಂದಮ್ಯಾಲ ಒಂದ ಖಾತೆ ಸಾಕಲ್ರೀ ಅಕ್ಕಾರ. ನಾಕ್ ಪಾಸ್‌ವರ್ಡ್ ಯಾರ್ ನೆನಪಿಡ್ತಾರ?” ಎಂದು ಭಾವನವರ ನಂಬರಿನ ಮೇಲೆ ಒಂದೇ ಖಾತೆ ತೆರೆದು ನಾಲ್ಕೂ ಫೋನಿಗೆ ಅದನ್ನೇ ಹಾಕಿದನು. ತಾವೂ ಒಪ್ಪಿಕೊಂಡಿರಿ. ಅಂದಿನಿಂದ ಯಾವ ಫೋನಿನಲ್ಲಿ ಫೋಟೋ ತೆಗೆದರೂ ನಾಲ್ಕರಲ್ಲೂ ಕಾಣುವುದು ರೂಢಿಯಾಯಿತು.

3. ತರುವಾಯ ಸಪ್ನಾಗೆ ಒಂದು ದಿನ ಜ್ವರ ಬಂದು, ದವಾಖಾನೆಗೆ ಒಯ್ಯೋಣವೆಂದು ನಾನು, ನಾಳೆ ನೋಡೋಣವೆಂದು ದೇವಕ್ಕ. ಮಾತಿಗೆ ಮಾತು ಬೆಳೆದು ಆಕೆ, “ನೀ ಸುಮ್ನಿರು. ಹಡದಾಕಿ ನಾ ಅದೇನಿ, ನನಗ ಗೊತ್ತೈತಿ” ಎಂದಳು. ಜ್ವರ ಮರುದಿನವೇ ಇಳಿಯಿತು. ಆ ಮಾತು ಮಾತ್ರ ನನ್ನ ಎದೆಯಿಂದ ಇಳಿದಿಲ್ಲ. ಅಣ್ಣತಮ್ಮಂದಿರಿಗೂ ಬೇರೆಯಾಗಲು ಒಂದು ನೆಪ ಬೇಕಾಗಿತ್ತು, ಸಿಕ್ಕಿತು. ಹಿರಿಯರು ಕುಂತು ವಾಟ್ನಿ ಮಾಡಿದರು: ಹೊಲ ಪಾಲಾಯಿತು, ಕಪಾಟು ಪಾಲಾಯಿತು, ರೊಟ್ಟಿಯ ಹಂಚು ಪಾಲಾಯಿತು, ಬೀಸುಕಲ್ಲಿನ ಎರಡು ಕಲ್ಲನ್ನು ಎರಡು ಮನೆಗೆ ಹಂಚುವ ಮಾತೂ ಒಬ್ಬ ಶಾಣ್ಯಾನ ಬಾಯಿಂದ ಬಂತು. ಭಾವನವರು ಬೈಲಹೊಂಗಲಕ್ಕೆ ಹೋಗಿ ಬೀಜ-ಗೊಬ್ಬರದ ಅಂಗಡಿ ಹಾಕಿದರು. ಕೂಸನ್ನೂ ಕರೆದುಕೊಂಡು ಹೋದರು. ಅವರ ಕೂಸು, ಅವರು ಒಯ್ದರು. ಅದರ ಬಗ್ಗೆ ಅರ್ಜಿಯಲ್ಲಿ ತಕರಾರು ಇಲ್ಲ. ತಮ್ಮಲ್ಲಿಯ ಖಾತೆ ಮಾತ್ರ ಯಾರಿಗೂ ನೆನಪಾಗಲಿಲ್ಲ.

4. ಹೀಗಿರಲಾಗಿ, ಒಂದು ದಿನ ನನ್ನ ಫೋನಿನಲ್ಲಿ ಒಡೆದು ಚಿಂದಿಯಾದ ಶೇಂಗಾ ಹೋಳಿಗೆಯ ಫೋಟೋ ಬಂತು. ಮೂಲೆಯಲ್ಲಿ ಬೆರಳು. ದೇವಕ್ಕನದೇ; ಆಕೆ ತೆಗೆದ ಯಾವ ಫೋಟೋದಲ್ಲಿಯೂ ಬೆರಳು ತಪ್ಪಿದ್ದಿಲ್ಲ. ಮೊದಲು ನಕ್ಕೆ, ಮನದಣಿಯೆ ನಕ್ಕೆ. ಆಮೇಲೆ ಆ ಒಡೆದ ಹೋಳಿಗೆಯನ್ನು ಕೂಸು ಹೆಂಗ ತಿಂದಿರಬೇಕು ಅನ್ನಿಸಿ, ಕಣಕ ನಾದಿ, ಎಷ್ಟು ಮೆತ್ತಗಿರಬೇಕೆಂದು ಬೆರಳಿಂದ ಒತ್ತಿ ತೋರಿಸಿ, ಹೂರಣದ ಹದವನ್ನೂ ಪಕ್ಕದಲ್ಲಿಟ್ಟು ಫೋಟೋ ತೆಗೆದೆ. ಯಾರಿಗೂ ಕಳಿಸಲಿಲ್ಲ. ಸುಮ್ಮನೆ ತೆಗೆದೆ. ಮರುದಿನ ನೆಟ್ಟಗಿದ್ದ ಹೋಳಿಗೆ ಹಿಡಿದು ಬಾಯಿತುಂಬ ಅಗಿಯುತ್ತಿದ್ದ ಸಪ್ನಾಳ ಫೋಟೋ ಬಂತು. ಅಲ್ಲಿಂದ ಶುರು. ಬಿದ್ದ ಹಲ್ಲು ಬಂತು, ಸೊಟ್ಟ ಜಡೆ ಬಂತು, ತಲೆಯ ಹೇನು ಹಣಿಗೆಯ ಮೇಲೆ ಬಂತು, ನಾನೂ ಇಲ್ಲಿಂದ ಬೇವಿನ ಎಣ್ಣೆಯ ಬಾಟಲಿಯ ಫೋಟೋ ತೆಗೆದೆ. ಒಂದು ಫೋನು ಹಚ್ಚಿಲ್ಲ, ಒಂದು ಅಕ್ಷರ ಬರೆದಿಲ್ಲ. ನಾವು ಮಾತು ಬಿಟ್ಟವರು. ಇದನ್ನು ಮಾತುಕತೆ ಎಂದು ಪರಿಗಣಿಸಬಾರದು.

5. ಈಗ ತಮ್ಮ ಘನಕಾರ್ಯಕ್ಕೆ ಬರುತ್ತೇನೆ. ಜಾಗ ತುಂಬಿದೆ ಎಂದು ತಾವು ಎರಡೂ ಕಡೆಯ ಹರಿವನ್ನು ಬಂದ್ ಮಾಡಿದ್ದೀರಿ. ತುಂಬಿದ್ದು ಯಾತರಿಂದ? ಭಾವನವರಿಗೆ ಬಂದ ಗುಲಾಬಿ ಹೂವಿನ ಶುಭೋದಯಗಳು. ನನ್ನ ಯಜಮಾನರು ಕೂಡಿಹಾಕಿದ, ಕೆಸರಲ್ಲಿ ಸಿಕ್ಕ ಟ್ರ್ಯಾಕ್ಟರ್ ಎಳೆಯುವ ವಿಡಿಯೋಗಳು. ಅವನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡು, ನನಗೆ ‘ಇವು ಮಸುಕಾಗಿವೆ, ಅಳಿಸಿದರೆ ಜಾಗ ಉಳಿಯುತ್ತದೆ’ ಎಂದು ತಾವು ತೋರಿಸಿದ್ದು ಯಾವುದನ್ನು? ದೇವಕ್ಕ ತೆಗೆದ ಸಪ್ನಾಳ ಫೋಟೋಗಳನ್ನು! ಬೆರಳು ಬಂದಿದೆ ಅಂತ! ಇದ್ದರ ನಿಮ್ಮಪ್ಪನ ಗಂಟೇನು ಹೊಕ್ಕೈತಿ? ಕೂಸು ನಿಂತಲ್ಲಿ ನಿಲ್ಲುವುದಿಲ್ಲ, ಆಕೆಯ ಕೈ ನಡುಗುತ್ತದೆ, ಫೋಟೋ ಹಂಗ ಬರುತ್ತದೆ. ಮಸುಕು ಎಂದು ಹೇಳಲು ನೀವ್ಯಾರು?

ಇಷ್ಟೇ ಅಲ್ಲ. ನಮ್ಮ ಎಮ್ಮೆ ಸತ್ತಾಗ ವಿಮೆಗೆಂದು ಅದರ ಕಿವಿಯ ಬಿಲ್ಲೆ ಕಾಣುವಂತೆ ಹೆಣದ ಫೋಟೋ ತೆಗೆದಿದ್ದೆವು. ಅದಕ್ಕೆ ವರ್ಷ ತುಂಬಿದ ದಿನ ತಾವು ಆ ಫೋಟೋಗಳಿಗೆ ಕುಣಿಯುವ ಸಂಗೀತ ಕೂಡಿಸಿ, ‘ಮರೆಯಲಾಗದ ಕ್ಷಣಗಳು’ ಎಂದು ಬೆಳ್ಳಂಬೆಳಿಗ್ಗೆ ತೋರಿಸಿದ್ದೀರಿ. ಯಾರು ಕೇಳಿದ್ದರು? ಇದಕ್ಕೆಲ್ಲ ಬುದ್ಧಿ ಓಡುತ್ತದೆ. ಒಂದು ಕೂಸಿನ ಮುಖವನ್ನು ಬೈಲಹೊಂಗಲದಿಂದ ಕಟಕೋಳಕ್ಕೆ ಮುಟ್ಟಿಸು ಅಂದರೆ ಮಾತ್ರ ಜಾಗ ಇಲ್ಲ.

6. ತಡೆ ಬೀಳುವ ಮುಂಚೆ ಬಂದ ಕೊನೆಯ ಫೋಟೋ ಕೆಳಕಂಡಂತಿದೆ. ಅದಕ್ಕೂ ಮುಂಚೆ ಬಂದ ಸಾಲಿಯ ಚೀಟಿಯ ಫೋಟೋದ ಪ್ರಕಾರ, ಬರುವ ಶನಿವಾರ ಸಪ್ನಾಳ ಸಾಲಿಯ ಗ್ಯಾದರಿಂಗ್. ಆಕೆಗೆ ಚನ್ನಮ್ಮನ ವೇಷ. (ನಮ್ಮ ಕಡೆ ಸಾಲಿಯಲ್ಲಿ ಹತ್ತು ಹುಡುಗ್ಯಾರು ವೇಷ ಹಾಕಿದರೆ ಒಂಬತ್ತು ಮಂದಿ ಚನ್ನಮ್ಮನೇ ಆಗಿರುತ್ತಾರೆ, ಆ ಮಾತು ಬೇರೆ.) ದೇವಕ್ಕನಿಗೆ ಕಚ್ಚಿ ಹಾಕಲು ಬರುವುದಿಲ್ಲ. ಫೋಟೋದಲ್ಲಿ ಕೂಸಿಗೆ ಸೀರೆ ಉಡಿಸಿದ್ದಲ್ಲ, ಗಾದಿಗೆ ಸುತ್ತಿದಂತೆ ಸುತ್ತಿದ್ದು. ನಿರಿಗೆ ನೆಲದ ಮೇಲೆ, ಕೈಯಲ್ಲಿ ರಟ್ಟಿನ ಖಡ್ಗ, ಕಣ್ಣಲ್ಲಿ ನೀರು. ಹಂಗೇ ವೇದಿಕೆ ಹತ್ತಿದರೆ ಎರಡನೇ ಹೆಜ್ಜೆಗೆ ಎಡವಿ ಮುಗ್ಗರಿಸುತ್ತದೆ ನನ್ನ ಕೂಸು, ಊರಮಂದಿ ಎಲ್ಲ ನಗುತ್ತದೆ.

ಕಾರಣ, ನಾನು ತಕ್ಷಣ ಯಜಮಾನರನ್ನು ಪಡಸಾಲೆಯಲ್ಲಿ ನಿಲ್ಲಿಸಿ, ಅವರಿಗೇ ಸೀರೆ ಉಡಿಸಿ, ಎಲ್ಲಿ ಗಂಟು, ಎಲ್ಲಿ ನಿರಿಗೆ, ಕಚ್ಚಿ ಹಿಂದೆ ಎಲ್ಲಿ ಸಿಗಿಸಬೇಕು ಎಂಬುದನ್ನು ಒಂದೊಂದಾಗಿ ಫೋಟೋ ತೆಗೆದೆ. “ಯಾರರ ಬಂದ್ರ ನನ್ನ ಮಾನ ಉಳಿತೈತೇನ? ಲಗೂ ಮುಗಸ ಮಾರಾಯ್ತಿ” ಎಂದು ಅವರು ಒದರುತ್ತಲೇ ಇದ್ದರು. ಆ ಫೋಟೋಗಳು ‘ಕಾಯುತ್ತಿದೆ’ ಎಂಬಲ್ಲಿಗೇ ನಿಂತಿವೆ. ಇವು ಭಾವನವರ ಫೋನಿನಲ್ಲಿಯೂ ಕಾಣುತ್ತಿದ್ದವಾದ್ದರಿಂದ, ತಮ್ಮ ಸೇವೆ ನಿಂತಿದ್ದಕ್ಕೆ ಇಡೀ ತಾಲೂಕಿನಲ್ಲಿ ಸಂತೋಷ ವ್ಯಕ್ತಪಡಿಸಿದವರು ನನ್ನ ಯಜಮಾನರೊಬ್ಬರೇ.

7. ‘ಹೆಚ್ಚಿನ ಜಾಗ ಕೊಳ್ಳಿರಿ’ ಎಂಬ ತಮ್ಮ ಗುಂಡಿಯನ್ನು ಒತ್ತಿ ನೋಡಲಾಗಿದೆ. ಒತ್ತಿದರೆ ಖಾತರಿಯ ನಂಬರು (ಓಟಿಪಿ) ಭಾವನವರ ಫೋನಿಗೆ ಹೋಗುತ್ತದೆ. ಅದನ್ನು ಹೇಳ್ರಿ ಅಂತ ನಾನು ಅವರಿಗೆ ಫೋನು ಹಚ್ಚಬೇಕು. ಮಾತಾಡದೇ ಇರಲಿಕ್ಕೆ ಅಲ್ಲವೇ ಈ ಸೌಕರ್ಯ ಇದ್ದದ್ದು?

“ದೇವಕ್ಕಗ ಒಂದ್ ಫೋನ್ ಹಚ್ಚಿ ಹೇಳಿದ್ರ ಮುಗೀತಲ್ಲ. ಆ ಕಂಪನಿಗೆ ಯಾಕ ತಲಿ ಒಡಕೋತಿ?” ಎಂದು ಯಜಮಾನರು ಕೇಳಿದ್ದಾರೆ.

“ಆಕಿನ ಹಚ್ಚಲಿ. ಹಡದಾಕಿ ಅಲ್ಲ?” ಎಂದು ಉತ್ತರಿಸಲಾಗಿದೆ.

ಅವರು ನನ್ನ ಮುಖ ನೋಡಿ ಹೊಲಕ್ಕೆ ಹೋದರು. ಆಮೇಲೆ ನಾನೊಬ್ಬಳೇ ಕುಂತು ಅತ್ತಿದ್ದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ.

8. ತಮ್ಮ ಕಂಪನಿಯಲ್ಲಿ ಬಹಳ ಕಲಿತವರು ಇದ್ದೀರಿ ಎಂದು ಕೇಳಿದ್ದೇನೆ. ಮಂದಿಗೆ ಏನು ಬೇಕು ಎಂದು ತಿಳಿಯಲು ತಾವು ಆಗಾಗ ನಕ್ಷತ್ರ ಒತ್ತಿರೆಂದು ಕಾಡುತ್ತೀರಿ. ನಕ್ಷತ್ರ ತಗೊಂಡು ಏನು ಮಾಡ್ತೀರಿ, ನಾನೇ ಹೇಳುತ್ತೇನೆ. ಇಟ್ಟದ್ದು ಇಟ್ಟಲ್ಲಿ ಇರಬೇಕು. ಇಲ್ಲಿ ತೆಗೆದದ್ದು ಅಲ್ಲಿ ಮುಟ್ಟಬೇಕು. ಕೇಳದೇ ಹಾಡು ಹಚ್ಚಬಾರದು. ಯಾವುದು ಕಸ, ಯಾವುದು ಬಂಗಾರ ಎಂಬುದನ್ನು ನಮಗೆ ಬಿಡಬೇಕು. ಮತ್ತು ತುಂಬಿತು ಅನ್ನುವುದನ್ನು ಕತ್ತಿನ ಮಟ ಬಂದಾಗ ಅಲ್ಲ, ಮೊಣಕಾಲ ಮಟ ಇದ್ದಾಗಲೇ ಹೇಳಬೇಕು. ಇಷ್ಟಕ್ಕೆ ಮೋಡದ ಮೇಲೆ ಹೋಗಿ ಕೂಡುವ ಜರೂರು ಏನಿತ್ತೋ ತಮಗೇ ಗೊತ್ತು.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದಾಗಿ, ಹಾಗೂ ಶನಿವಾರ ಹತ್ತಿರ ಬಂದ ಕಾರಣ, ಶುಭೋದಯಗಳನ್ನು ತಾವೇ ಮುಂದೆ ನಿಂತು ತೆಗೆದುಹಾಕಿ, ಸಪ್ನಾಳ ಒಂದು ಫೋಟೋವನ್ನೂ ಮುಟ್ಟದೆ, ಎರಡೂ ಊರಿನ ನಡುವಿನ ಹರಿವನ್ನು ಕೂಡಲೇ ಬಿಡಬೇಕಾಗಿ ವಿನಂತಿ. ಖಾತೆಯನ್ನು ಎರಡು ಮಾಡಿಕೊಡುತ್ತೇವೆ ಎಂದು ಶಾಣೇತನ ತೋರಿಸಲು ಬರಬಾರದು. ಮನೆಯಲ್ಲಿ ಪಾಲಾಗದೆ ಉಳಿದದ್ದು ಅದೊಂದೇ.

ತಮ್ಮ ಮೇಲೆ ಎಳ್ಳಷ್ಟೂ ವಿಶ್ವಾಸವಿಲ್ಲದಿದ್ದರೂ ಪದ್ಧತಿ ಪ್ರಕಾರ
ತಮ್ಮ ವಿಶ್ವಾಸಿ,
(ಸಹಿ) ಮಹಾನಂದಾ ಕಲ್ಮೇಶ ಹೂಲಿ

ಸ್ಥಳ: ಕಟಕೋಳ
ದಿನ: ಗುರುವಾರ

ಅಡಕಗಳು:
1. ಸಪ್ನಾಳ ಕೊನೆಯ ಫೋಟೋ, ಬೆರಳು ಸಮೇತ.
2. ಎಮ್ಮೆಯ ‘ಮರೆಯಲಾಗದ ಕ್ಷಣಗಳು’, ಸಂಗೀತ ಸಮೇತ. ಇದನ್ನು ತಾವೇ ಇಟ್ಟುಕೊಳ್ಳಬಹುದು.
3. ಕಚ್ಚಿ ಹಾಕುವ ಕ್ರಮದ ಫೋಟೋಗಳು. (ಸೀರೆ ಉಟ್ಟವರ ಸಖತ್ ವಿರೋಧದ ಮೇರೆಗೆ ಲಗತ್ತಿಸಿಲ್ಲ.)

ವಿ.ಸೂ.: ಶನಿವಾರದೊಳಗೆ ತಾವು ದುರಸ್ತಿ ಮಾಡದಿದ್ದಲ್ಲಿ, ಅರ್ಜಿದಾರಳು ನಿರುಪಾಯಳಾಗಿ ಬೆಳಗಿನ ಬಸ್ಸಿಗೆ ಯರಗಟ್ಟಿ, ಮುರಗೋಡದ ಮೇಲೆ ಬೈಲಹೊಂಗಲಕ್ಕೆ ಖುದ್ದು ಹೋಗಿ, ಸಪ್ನಾಗೆ ತನ್ನ ಕೈಯಾರೆ ಕಚ್ಚಿ ಹಾಕಬೇಕಾಗುತ್ತದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಇದೆ. ತಮ್ಮ ಹಾಗೆ ಪುಕ್ಕಟೆ ಅಂದು ಹತ್ತಿಸಿಕೊಂಡು ನಡುದಾರಿಯಲ್ಲಿ ಇಳಿಸುವುದಿಲ್ಲ. ಅಲ್ಲಿ ನೆಗೆಣ್ಣಿಯರ ನಡುವೆ ಮಾತುಕತೆ ಏನಾದರೂ ಸಂಭವಿಸಿದಲ್ಲಿ ಅದಕ್ಕೆ ತಮ್ಮ ಕಂಪನಿಯೇ ಸಂಪೂರ್ಣ ಹೊಣೆ. ಕಾರಣ, ಸದರಿ ದುರಸ್ತಿಯನ್ನು ಶನಿವಾರ ಸಂಜೆಯ ತನಕ ತಾವು ಯಾವ ಕಾರಣಕ್ಕೂ ಕೈಗೊಳ್ಳಬಾರದಾಗಿ ಕೋರಲಾಗಿದೆ.